ಗ್ಯಾದರಿಂಗ್ ದಿನ ಫ್ಲ್ಯಾಶ್ ಬಂದ್ ಇರಲಿ

ಡಿಸೆಂಬರ್ ಬಂತೆಂದರೆ ಕಲಬುರಗಿಯ ಶಾಲೆಗಳಲ್ಲಿ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಶುರುವಾಗುತ್ತದೆ. ಫೆಬ್ರವರಿ ಮುಗಿಯುವ ತನಕ ನನಗೆ ಸಂಜೆ ಬಿಡುವಿರುವುದಿಲ್ಲ. ಒಂದು ದಿನ ಪಂಡಿತ ರಂಗಮಂದಿರ, ಮರುದಿನ ಸೇಡಂ ರೋಡಿನ ಯಾವುದೋ ಕಲ್ಯಾಣ ಮಂಟಪ, ಅದರ ಮರುದಿನ ಶಾಲೆಯದೇ ತಗಡಿನ ಶೆಡ್. ಕಾರ್ಯಕ್ರಮ ಮುಗಿದು ಕ್ಯಾಮೆರಾ ಬ್ಯಾಗಿಗೆ ಹಾಕುವಾಗ ಯಾರಾದರೊಬ್ಬ ಪಾಲಕರು ಬಂದು ತಮ್ಮ ಫೋನ್ ತೋರಿಸುತ್ತಾರೆ. ಹೋದ ವರ್ಷ ಒಬ್ಬ ತಾಯಿ ಬಂದಿದ್ದರು.

"ನೋಡ್ರಿ ಸರ, ನಮ್ಮ ಹುಡುಗಿದು ಒಂದೂ ಚೊಲೋ ಬಂದಿಲ್ಲ. ಬರೀ ಮುಂದ ಕುಂತವ್ರ ತಲಿ ಬಂದಾವ."

ನೋಡಿದೆ. ಮುಂದಿನ ಸಾಲಿನ ಇಬ್ಬರ ತಲೆ, ಒಂದು ಪ್ಲಾಸ್ಟಿಕ್ ಕುರ್ಚಿಯ ಬೆನ್ನು, ಬೆಳ್ಳಗೆ ಹೊಳೆಯುತ್ತಿದ್ದವು. ಅದರಾಚೆ ಸ್ಟೇಜ್ ಕತ್ತಲು. ಆ ಕತ್ತಲಲ್ಲಿ ಎಲ್ಲೋ ಮಗಳು. ಫೋನಿನ ಫ್ಲ್ಯಾಶ್ ಆನ್ ಇತ್ತು.

ದೂರ ಎರಡು ಪಟ್ಟಾದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗ ಆಗುತ್ತದೆ. ಎಂಟು ಅಡಿ ದೂರದ ತಲೆಗೆ ಬಿದ್ದ ಫ್ಲ್ಯಾಶ್ ಬೆಳಕಿನಲ್ಲಿ 32 ಅಡಿ ದೂರದ ಮಗುವಿಗೆ ತಲುಪುವುದು ಹದಿನಾರರಲ್ಲಿ ಒಂದು ಪಾಲು ಮಾತ್ರ. ಫೋನ್ ಮಾತ್ರ 'ಫ್ಲ್ಯಾಶ್ ಇದೆ, ಬೆಳಕು ಸಾಕು' ಎಂದುಕೊಂಡು ಲೆಕ್ಕ ಹಾಕುತ್ತದೆ. ಸ್ಟೇಜಿನ ಮೇಲೆ ಇದ್ದ ಒಳ್ಳೆಯ ಬೆಳಕೂ ಆ ಲೆಕ್ಕದಲ್ಲಿ ಕಳೆದುಹೋಗುತ್ತದೆ. ಹಾಗಾಗಿ ಹಾಲಿನ ಹಿಂದೆ ಕುಳಿತು ಫ್ಲ್ಯಾಶ್ ಹೊಡೆಯುವವರಿಗೆ ಸಿಗುವುದು ಮುಂದಿನವರ ತಲೆಯೇ.

ಹತ್ತಿರ ಹೋಗಿ ಹೊಡೆದರೆ? ಅದು ಇನ್ನೂ ಕೆಟ್ಟದ್ದು. ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ಒಂದು ಶಾಲೆಯಲ್ಲಿ ಒಂದನೇ ಕ್ಲಾಸಿನ ಹುಡುಗಿ ಮೈಕ್ ಮುಂದೆ ನಿಂತು ವಚನ ಹೇಳುತ್ತಿದ್ದಳು. ಹಣೆಗೆ ವಿಭೂತಿ, ಮೈಗೆ ಬಿಳಿ ಸೀರೆ. ನಾನು ಸ್ಟೇಜಿನ ಬುಡದಲ್ಲಿ ನಿಂತು ಫ್ಲ್ಯಾಶ್ ಹೊಡೆದೆ. ಮಗು ಕಣ್ಣು ಮುಚ್ಚಿ ತೆರೆಯಿತು. ಮುಂದಿನ ಸಾಲು ಬಾಯಿಗೆ ಬರಲಿಲ್ಲ. ಪರದೆ ಹಿಂದಿನಿಂದ ಟೀಚರ್ ಹೇಳಿಕೊಡುತ್ತಿದ್ದರು, ಅವಳು ಮಾತ್ರ ನನ್ನ ಕಡೆಯೇ ನೋಡುತ್ತಿದ್ದಳು, ಮತ್ತೆ ಯಾವಾಗ ಹೊಡೆಯುತ್ತಾರೋ ಎಂದು. ಎಷ್ಟೋ ದಿನ ಕಲಿತದ್ದನ್ನು ನಾನು ಒಂದು ಗಳಿಗೆಯಲ್ಲಿ ಕೆಡಿಸಿದ್ದೆ. ಅಂದಿನಿಂದ ಮಕ್ಕಳ ಕಾರ್ಯಕ್ರಮದಲ್ಲಿ ಫ್ಲ್ಯಾಶ್ ಬ್ಯಾಗಿನಿಂದ ಹೊರಗೇ ತೆಗೆದಿಲ್ಲ.

ಇನ್ನೊಂದು ಕಾರಣ ನಮ್ಮ ಜಿಲ್ಲೆಯದೇ. ಇಲ್ಲಿ ತಾಂಡಾಗಳು ಬಹಳ, ಲಂಬಾಣಿ ಡಾನ್ಸ್ ಇಲ್ಲದ ಗ್ಯಾದರಿಂಗ್ ನಾನು ನೋಡಿದ್ದು ಕಡಿಮೆ. ಆ ಲಂಗ, ರವಿಕೆ, ತಲೆಯ ಮೇಲಿನ ಬಟ್ಟೆ, ಎಲ್ಲದರ ಮೇಲೂ ಸಣ್ಣ ಸಣ್ಣ ಕನ್ನಡಿ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಹತ್ತಿಪ್ಪತ್ತು ಕನ್ನಡಿ ಒಮ್ಮೆಲೇ ಬಿಳಿ ಚುಕ್ಕೆಯಾಗುತ್ತವೆ, ಕಸೂತಿ ಸಪ್ಪಗಾಗುತ್ತದೆ. ಸ್ಟೇಜಿನ ಲೈಟು ಹಾಗಲ್ಲ. ಅದು ಮೇಲಿನಿಂದ, ಪಕ್ಕದಿಂದ ಬರುತ್ತದೆ. ಮಗು ತಿರುಗಿದಂತೆ ಭುಜದ ಮೇಲಿನ ಒಂದು ಕನ್ನಡಿ ಮಿಂಚುತ್ತದೆ, ಅದು ಆರುವಷ್ಟರಲ್ಲಿ ಸೊಂಟದ್ದು, ಲಂಗ ಗಿರ್ರನೆ ಎದ್ದಾಗ ಅಂಚಿನ ಸಾಲು ಇಡೀ ಹೊತ್ತಿಕೊಂಡಂತೆ ಕಾಣುತ್ತದೆ. ಆ ಫೋಟೋಗೆ ಫ್ಲ್ಯಾಶ್ ಬೇಕೇ ಇಲ್ಲ. ನಮ್ಮ ರಂಗಮಂದಿರಕ್ಕೆ ಹೆಸರು ಕೊಟ್ಟ ಚಿತ್ರಕಾರ ಎಸ್.ಎಂ. ಪಂಡಿತರು 1916ರಲ್ಲಿ ಈ ಊರಲ್ಲೇ ಹುಟ್ಟಿದವರು. ಚಿತ್ರ ಬರೆಯುವವರನ್ನು ಕೇಳಿ ನೋಡಿ, ಮುಖಕ್ಕೆ ರೂಪ ಕೊಡುವುದು ನೆರಳು ಎನ್ನುತ್ತಾರೆ. ಫ್ಲ್ಯಾಶ್ ಮೊದಲು ಅಳಿಸುವುದು ಆ ನೆರಳನ್ನೇ.

ಸರಿ, ಫ್ಲ್ಯಾಶ್ ಬಂದ್ ಮಾಡಿದೆವು. ಈಗ ಬೆಳಕು ಎಲ್ಲಿಂದ ತರುವುದು? ಸೆಪ್ಟೆಂಬರ್ 17ರಂದು, ಕಲ್ಯಾಣ ಕರ್ನಾಟಕ ಉತ್ಸವದ ದಿನ, ಬಿಸಿಲಲ್ಲಿ ಮಕ್ಕಳ ಫೋಟೋ ತೆಗೆದಿರುತ್ತೀರಿ. ಅದೇ ಮಕ್ಕಳು, ಅದೇ ಕ್ಯಾಮೆರಾ, ಎಲ್ಲ ಸಲೀಸಾಗಿ ಬಂದಿರುತ್ತದೆ. ಶಾಲೆಯ ಹಾಲಿನ ಒಳಗೆ ಬೆಳಕು ಆ ಬಿಸಿಲಿಗಿಂತ ಸುಮಾರು ಐನೂರು ಪಟ್ಟು ಕಡಿಮೆ. ನಮ್ಮ ಕಣ್ಣು ಹೊಂದಿಕೊಂಡುಬಿಡುತ್ತದೆ, ಅದಕ್ಕೇ ನಮಗೆ ಗೊತ್ತಾಗುವುದಿಲ್ಲ. ಕ್ಯಾಮೆರಾಗೆ ಗೊತ್ತಾಗುತ್ತದೆ. ಅದನ್ನು ಅದರ ಪಾಡಿಗೆ ಆಟೋದಲ್ಲಿ ಬಿಟ್ಟರೆ ಶಟರ್, ಅಂದರೆ ಬೆಳಕಿಗೆ ತೆರೆದು ಮುಚ್ಚುವ ಬಾಗಿಲು, ನಿಧಾನ ಮಾಡಿ ಬೆಳಕು ಕೂಡಿಸಿಕೊಳ್ಳುತ್ತದೆ. ಅಷ್ಟರಲ್ಲಿ ಮಗು ಅಲುಗಿರುತ್ತದೆ. ಕೈ ಎರಡಿದ್ದದ್ದು ನಾಲ್ಕಾಗಿ ಕಾಣುತ್ತದೆ.

ಆದ್ದರಿಂದ ನಾನು ಮೊದಲು ಹಿಡಿದಿಡುವುದು ಶಟರ್. ಭಾಷಣ, ಪ್ರಾರ್ಥನೆ, ಹಾಡಿಗೆ 1/125 ಸೆಕೆಂಡ್ ಸಾಕು. ಡಾನ್ಸಿಗೆ 1/250. ಕೋಲಾಟದಲ್ಲಿ ಕೋಲು ಬಡಿಯುವಾಗ, ಹುಡುಗರು ಜಿಗಿಯುವಾಗ 1/500 ಬೇಕು. ಆಮೇಲೆ ಲೆನ್ಸನ್ನು ಎಷ್ಟು ಅಗಲ ತೆರೆಯಲು ಬರುತ್ತದೋ ಅಷ್ಟು ತೆರೆಯಿರಿ. ಎಫ್ ಅಂಕಿ ಸಣ್ಣದಾದಷ್ಟು ಲೆನ್ಸ್ ಹೆಚ್ಚು ತೆರೆದಿದೆ ಎಂದರ್ಥ. ಉಳಿದ ಭಾರ ಐಎಸ್‌ಒ, ಅಂದರೆ ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ ಎಂಬ ಅಂಕಿ, ಹೊರಲಿ. ನಮ್ಮ ಶಾಲೆಯ ಸ್ಟೇಜುಗಳಲ್ಲಿ ಬಹಳ ಸಲ 1/250, ಎಫ್ 2.8, ಐಎಸ್‌ಒ 3200ಕ್ಕೆ ನನ್ನ ಕೆಲಸ ನಡೆಯುತ್ತದೆ. ಕ್ಯಾಮೆರಾ ಜೊತೆಗೆ ಬರುವ 18-55 ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಅದು ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಆಗ ಅದೇ ಫೋಟೋಗೆ ಐಎಸ್‌ಒ 12800 ಬೇಕಾಗುತ್ತದೆ.

ಐಎಸ್‌ಒ ಏರಿಸಿದರೆ ಗ್ರೇನ್ಸ್, ಅಂದರೆ ಮರಳಿನಂಥ ಚುಕ್ಕೆ, ಬರುತ್ತದೆ ಎಂದು ಜನ ಹೆದರುತ್ತಾರೆ. ಬರಲಿ. ಈ ಒಂದು ಮಾತನ್ನು ನಾನು ಎಲ್ಲರಿಗೂ ಬಾಯಿ ನೋಯುವಷ್ಟು ಹೇಳುತ್ತೇನೆ. 5×7 ಇಂಚಿನ ಪ್ರಿಂಟ್ ಹಾಕಿಸಿ ಕೈಯಲ್ಲಿ ಹಿಡಿದು ನೋಡಿ, ಆ ಗ್ರೇನ್ಸ್ ಕಣ್ಣಿಗೆ ಬೀಳುವುದೇ ಕಷ್ಟ. ಕಂಪ್ಯೂಟರಿನಲ್ಲಿ ಅದನ್ನು ಸ್ವಲ್ಪ ನಯ ಮಾಡಲೂ ಬರುತ್ತದೆ. ಅಲುಗಿಹೋದ ಮುಖವನ್ನು ಮಾತ್ರ ಸರಿಯಾಗಿ ವಾಪಸ್ ತರಲು ನನಗಂತೂ ಇವತ್ತಿಗೂ ಆಗಿಲ್ಲ. ಮಗುವಿನ ಕಣ್ಣು ತಿಳಿಯಾಗಿ ಬಂದಿದೆಯಾ? ಹಾಗಿದ್ದರೆ ಅದು ಒಳ್ಳೆಯ ಫೋಟೋ.

ಕ್ಯಾಮೆರಾ ಇದ್ದವರು ಮುಂದೆ ಒಂದೇ ಒಂದು ಸಾಮಾನು ಕೊಳ್ಳುವುದಾದರೆ 50 ಎಂಎಂ ಎಫ್ 1.8 ಲೆನ್ಸ್ ಕೊಳ್ಳಿ. ಎಫ್ 5.6ಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಜೂಮ್ ಇರುವುದಿಲ್ಲ, ನಿಮ್ಮ ಕಾಲೇ ಜೂಮ್. ಸಾಮಾನ್ಯ ಸೆನ್ಸಾರಿನ (ಬೆಳಕು ಹಿಡಿಯುವ ಚಿಪ್ಪಿನ, ಎಪಿಎಸ್-ಸಿ ಅಳತೆಯ) ಕ್ಯಾಮೆರಾಗೆ ಹಾಕಿ ಇಪ್ಪತ್ತು ಅಡಿ ದೂರ ನಿಂತರೆ ಅಡ್ಡಕ್ಕೆ ಒಂಬತ್ತು ಅಡಿಯಷ್ಟು ಸ್ಟೇಜ್ ಹಿಡಿಯುತ್ತದೆ, ಅಂದರೆ ಎರಡು ಮೂರು ಮಕ್ಕಳು. ಅಷ್ಟು ದೂರಕ್ಕೆ ಹಿಂದೆ ಮುಂದೆ ಸೇರಿ ಮೂರು ಅಡಿಯಷ್ಟು ಜಾಗ ಮಾತ್ರ ಫೋಕಸ್ಸಿನಲ್ಲಿ ಇರುತ್ತದೆ. ಎರಡು ಸಾಲಾಗಿ ನಿಂತ ಮಕ್ಕಳಲ್ಲಿ ಹಿಂದಿನ ಸಾಲು ಮಸುಕಾದರೆ ಗಾಬರಿಯಾಗಬೇಡಿ, ಎಫ್ 2.8ಕ್ಕೆ ಬನ್ನಿ.

ಸ್ಟೇಜಿನ ಕಪ್ಪು ಪರದೆ ಕ್ಯಾಮೆರಾವನ್ನು ದಾರಿ ತಪ್ಪಿಸುತ್ತದೆ. ಇಷ್ಟೊಂದು ಕಪ್ಪು ನೋಡಿ ಅದು ಎಲ್ಲವನ್ನೂ ಬೆಳ್ಳಗೆ ಮಾಡಲು ಹೋಗುತ್ತದೆ. ಮೊದಲೇ ಪೌಡರ್ ಬಳಿದ ಮುಖ, ಸುಣ್ಣ ಹೊಡೆದ ಗೋಡೆಯಂತೆ ಕಾಣುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಕಡಿಮೆ ಮಾಡಿ, ಅಂದರೆ ಫೋಟೋಗೆ ಬೀಳುವ ಬೆಳಕನ್ನು ಅರ್ಧಕ್ಕೆ ಇಳಿಸಿ. ಈಗೀಗ ಹಿಂದೆ ಎಲ್‌ಇಡಿ ಪರದೆ ಹಾಕಿಸುವುದು ಜಾಸ್ತಿಯಾಗಿದೆ. ಅಲ್ಲಿ ಇದಕ್ಕೆ ಉಲ್ಟಾ. ಹಿಂದಿನ ಬೆಳಕಿಗೆ ಮಕ್ಕಳು ಕಪ್ಪಾಗುತ್ತಾರೆ, ಒಂದು ಸ್ಟಾಪ್ ಏರಿಸಬೇಕು.

ನನಗೆ ಇವತ್ತಿಗೂ ಕಾಟ ಕೊಡುವುದು ಬಣ್ಣದ ಎಲ್‌ಇಡಿ ಲೈಟು. ಪೂರ್ತಿ ನೀಲಿ ಅಥವಾ ಪೂರ್ತಿ ಕೆಂಪು ಬಿದ್ದಾಗ ಸೆನ್ಸಾರ್ ಹಿಡಿಯುವ ಕೆಂಪು, ಹಸಿರು, ನೀಲಿಯಲ್ಲಿ ಆ ಒಂದೇ ಬಣ್ಣ ತುಂಬಿ ಹರಿಯುತ್ತದೆ, ಉಳಿದ ಎರಡು ಬರಿದಾಗಿರುತ್ತವೆ. ಮೂಗು, ಕೆನ್ನೆ, ಹುಬ್ಬು ಎಲ್ಲ ಕಲಸಿ ಮುಖ ಒಂದು ನೀಲಿ ತೇಪೆಯಾಗುತ್ತದೆ. ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಎಷ್ಟು ತಿರುವಿದರೂ ಅದು ಸರಿ ಹೋಗುವುದಿಲ್ಲ. ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸಿದ ಮೂಲ ಫೈಲ್) ಇದ್ದು, ಎಕ್ಸ್‌ಪೋಷರ್ ಕಡಿಮೆ ಇಟ್ಟಿದ್ದರೆ ಕಪ್ಪು ಬಿಳುಪು ಮಾಡಿ ಉಳಿಸಿಕೊಳ್ಳಬಹುದು. ಅದಕ್ಕಿಂತ ಒಳ್ಳೆಯ ಉಪಾಯ ಕಾರ್ಯಕ್ರಮ ಶುರುವಾಗುವ ಮೊದಲೇ ಇದೆ. ಲೈಟಿನವರ ಹತ್ತಿರ ಹೋಗಿ ಎರಡು ಮಾತಾಡುವುದು.

"ಅಣ್ಣಾ, ಸಣ್ಣ ಹುಡುಗ್ರು ಬಂದಾಗ ಎದುರಿಂದು ಬಿಳಿ ಲೈಟ್ ಒಂದು ಆರಿಸಬ್ಯಾಡ್ರಿ."

"ಇಡ್ತೀನ್ರೀ ಸರ. ಆದ್ರ ಮೇಡಮ್ಮೋರು ಕಲರ್ ಬೇಕಂತಾರ."

"ಕಲರ್ ಹಿಂದ ಹಾಕ್ರಿ, ಮುಂದ ಇದು ಇರ್ಲಿ."

ಇಷ್ಟೇ. ಹಿಂದೆ ನೀಲಿ, ಮುಖದ ಮೇಲೆ ಬಿಳಿ. ಅವರಿಗೂ ತಮ್ಮ ಲೈಟು ಫೋಟೋದಲ್ಲಿ ಚೆನ್ನಾಗಿ ಬರಲಿ ಎಂಬ ಆಸೆ ಇರುತ್ತದೆ. ಚಹಾ ಕುಡಿಯುತ್ತಾ ಆಡಿದ ಈ ಎರಡು ಮಾತು ಎಷ್ಟೋ ಸಲ ಹೊಸ ಲೆನ್ಸಿಗಿಂತ ಹೆಚ್ಚು ಉಪಕಾರ ಮಾಡಿದೆ.

ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬಂದರೆ ಕ್ಯಾಮೆರಾ ಕೆಟ್ಟಿಲ್ಲ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಎಷ್ಟೋ ಲೈಟುಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಶಟರ್ 1/100ಕ್ಕೆ ತಂದರೆ ಆ ಪಟ್ಟಿ ಸಾಮಾನ್ಯವಾಗಿ ಹೋಗುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ ಪಟ್ಟಿ ಜಾಸ್ತಿ, ಮೆಕ್ಯಾನಿಕಲ್ ಶಟರಿಗೆ ಬದಲಿಸಿ ನೋಡಿ. ಫೋನಿನಲ್ಲಿ ವಿಡಿಯೋ ಮಾಡುವಾಗಲೂ ಸೆಟ್ಟಿಂಗಿನಲ್ಲಿ ಸೆಕೆಂಡಿಗೆ 25 ಅಥವಾ 50 ಫ್ರೇಮ್ ಸಿಕ್ಕರೆ ಅದನ್ನೇ ಇಟ್ಟುಕೊಳ್ಳಿ.

ಫೋನೇ ಗತಿ ಎನ್ನುವವರು ಬೇಜಾರಾಗಬೇಕಿಲ್ಲ. ಮೊದಲು ಲೆನ್ಸ್ ಒರೆಸಿ. ಇಡೀ ದಿನ ಕೈಯ ಎಣ್ಣೆ, ಬೆವರು ತಾಗಿ ಅದು ಜಿಡ್ಡಾಗಿರುತ್ತದೆ, ಸ್ಟೇಜಿನ ಪ್ರತಿ ಲೈಟಿಗೂ ಬಾಲ ಬಂದಂತೆ ಕಾಣುತ್ತದೆ. ಕರವಸ್ತ್ರದ ಒಂದು ಸವರಿನಲ್ಲಿ ಅರ್ಧ ತೊಂದರೆ ಹೋಗುತ್ತದೆ. ನೈಟ್ ಮೋಡ್ ಬಂದ್ ಮಾಡಿ, ಅದು ಒಂದೆರಡು ಸೆಕೆಂಡಿನ ಬೆಳಕನ್ನು ಕೂಡಿಸುತ್ತದೆ, ನಿಂತ ಗುಡಿಗೆ ಸರಿ, ಕುಣಿಯುವ ಮಗುವಿಗಲ್ಲ. ಮಗುವಿನ ಮುಖದ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಫೋಕಸ್ ಲಾಕ್ ಆದ ಮೇಲೆ ಬೆರಳನ್ನು ಸ್ವಲ್ಪ ಕೆಳಗೆ ಎಳೆದು ಬೆಳಕು ಕಡಿಮೆ ಮಾಡಿ. ಎರಡು ಬೆರಳಿನಿಂದ ಹಿಗ್ಗಿಸಿ ಜೂಮ್ ಮಾಡಬೇಡಿ, ಆಮೇಲೆ ಕತ್ತರಿಸಿಕೊಂಡರಾಯಿತು.

ಕಾಯುವುದನ್ನು ಕಲಿಯಲು ಮಾತ್ರ ಯಾವ ಕ್ಯಾಮೆರಾ ಇದ್ದರೂ ಒಂದೇ ಕಷ್ಟ. ಜಿಗಿದ ಹುಡುಗ ಮೇಲೆ ತುದಿ ಮುಟ್ಟಿದಾಗ ಒಂದು ಚೂರು ಹೊತ್ತು ನಿಂತೇ ಇರುತ್ತಾನೆ. ಕೋಲಾಟದಲ್ಲಿ ಕೋಲಿಗೆ ಕೋಲು ತಾಗಿದ ಗಳಿಗೆ ಕೈ ನಿಲ್ಲುತ್ತದೆ. ಹಾಡಿನ ಕೊನೆಗೆ ಎಲ್ಲರೂ ಕೈ ಎತ್ತಿ ನಿಲ್ಲುವುದಂತೂ ಇದ್ದೇ ಇದೆ. ಇವು ಮೊದಲೇ ಗೊತ್ತಿದ್ದರೆ ಕಡಿಮೆ ಬೆಳಕಿನಲ್ಲೂ ಕೆಲಸ ಆಗುತ್ತದೆ. ಅದಕ್ಕೇ ನಾನು ಹಿಂದಿನ ದಿನದ ಪ್ರಾಕ್ಟೀಸಿಗೆ ಹೋಗುತ್ತೇನೆ. ನಿಮಗೆ ಇನ್ನೂ ಸುಲಭ. ಮಗು ತಿಂಗಳಿಂದ ಮನೆಯಲ್ಲಿ ಅದೇ ಕುಣಿತ ಕುಣಿಯುತ್ತಿರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಿಟ್ಟುಕೊಳ್ಳಿ.

ನಿಲ್ಲುವ ಜಾಗ ಸ್ಟೇಜಿನ ಪಕ್ಕದ ಗೋಡೆ ಬದಿ ಇರಲಿ. ಅಲ್ಲಿ ಮೊಣಕಾಲೂರಿ ಕುಳಿತರೆ ಹಿಂದಿನವರಿಗೆ ಅಡ್ಡಿಯಿಲ್ಲ. ನಡುದಾರಿಯಲ್ಲಿ ಎದ್ದು ನಿಂತು ಟ್ಯಾಬ್ ಎತ್ತಿ ಹಿಡಿದರೆ ಹಿಂದೆ ಕುಳಿತ ಅಜ್ಜಿಗೆ ಮೊಮ್ಮಗಳು ಕಾಣುವುದಿಲ್ಲ. ಆ ಅಜ್ಜಿ ಆಳಂದದಿಂದಲೋ ಅಫಜಲಪುರದಿಂದಲೋ ಬಸ್ಸು ಹತ್ತಿ ಬಂದಿರುತ್ತಾರೆ.

ನಿಮ್ಮ ಮಗುವಿನ ಡಾನ್ಸ್ ಮುಗಿದ ಮೇಲೆ ಕ್ಯಾಮೆರಾ ಒಳಗಿಡಬೇಡಿ. ಟೀಚರನ್ನು ಕೇಳಿಕೊಂಡು ಸ್ಟೇಜಿನ ಹಿಂದೆ ಹೋಗಿ. ಮಕ್ಕಳು ಬಟ್ಟೆ ಬದಲಿಸುವ ಕೋಣೆ ಕಡೆ ಮಾತ್ರ ಬೇಡ, ಬೇರೆಯವರ ಮಕ್ಕಳ ಫೋಟೋ ಕೇಳದೆ ವಾಟ್ಸಾಪ್ ಗ್ರೂಪಿಗೂ ಬೇಡ. ಅಲ್ಲಿ ಹೊರಗೆ ಮೆಟ್ಟಿಲ ಮೇಲೆ ನಿಮ್ಮ ಹುಡುಗಿ ಕುಳಿತು ಗೆಜ್ಜೆ ಬಿಚ್ಚುತ್ತಿರುತ್ತಾಳೆ. ಬೆವರಿಗೆ ಹಣೆಯ ಬೊಟ್ಟು ಇಳಿದಿರುತ್ತದೆ, ಕಾಡಿಗೆ ಕದಡಿರುತ್ತದೆ, ಒಂದು ಕೈಯಲ್ಲಿ ಬಿಸ್ಕೀಟು. ತಲೆಯ ಮೇಲೆ ಒಂದೇ ಒಂದು ಟ್ಯೂಬ್‌ಲೈಟ್. ಶಟರ್ 1/100 ಇಡಿ, ಸಾಕು.