ಗೌವರ್ ಸ್ಟ್ರೀಟಿನ ಪ್ಲಾಟಿನಂ ಚಿತ್ರಗಳು: ಆಲಿಸ್ ಹ್ಯೂಸ್ ನಡೆಸಿದ ಹೆಂಗಸರ ಸ್ಟುಡಿಯೊ

ಲಂಡನ್ನಿನ ಗೌವರ್ ಸ್ಟ್ರೀಟ್, 52ನೇ ನಂಬರ್. 1891ರಲ್ಲಿ ಆಲಿಸ್ ಹ್ಯೂಸ್ ಇಲ್ಲಿ ತೆರೆದ ಸ್ಟುಡಿಯೊದಲ್ಲಿ ಗಂಡಸರ ಫೋಟೊ ತೆಗೆಯುತ್ತಿರಲಿಲ್ಲ. ಹೆಂಗಸರು ಮತ್ತು ಮಕ್ಕಳು ಮಾತ್ರ. ತಂದೆ ಎಡ್ವರ್ಡ್ ಹ್ಯೂಸ್ ರಾಜಮನೆತನದ ಭಾವಚಿತ್ರಗಳನ್ನು ಬರೆಯುತ್ತಿದ್ದ ಕಲಾವಿದರು. ಅವರ ವರ್ಣಚಿತ್ರಗಳ ಪ್ರತಿ ತೆಗೆದಿಡಬೇಕೆಂದೇ ಮಗಳು ರೀಜೆಂಟ್ ಸ್ಟ್ರೀಟಿನ ಪಾಲಿಟೆಕ್ನಿಕ್‌ನಲ್ಲಿ ಫೋಟೊಗ್ರಫಿ ಕಲಿತದ್ದು. ಸ್ಟುಡಿಯೊ ಜೋರಾಗಿ ನಡೆದ ಕಾಲದಲ್ಲಿ ದಿನಕ್ಕೆ 15 ಜನರವರೆಗೂ ಫೋಟೊಗೆ ಕೂರುತ್ತಿದ್ದರು. ಸುಮಾರು 60 ಹೆಂಗಸರು ಅಲ್ಲಿ ಕೆಲಸಕ್ಕಿದ್ದರು.

ಇಪ್ಪತ್ತು ವರ್ಷ ಮೊದಲಾಗಿದ್ದರೆ ಇಂಥ ಸ್ಟುಡಿಯೊ ನಡೆಸುವುದು ಬಹಳ ಕಷ್ಟವಿತ್ತು. ಆಗಿನದು ಹಸಿ ಪ್ಲೇಟಿನ ಪದ್ಧತಿ. ಗಾಜಿಗೆ ಕೊಲೋಡಿಯನ್ ಎಂಬ ಅಂಟು ದ್ರಾವಣ ಸವರಿ, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಆರುವ ಮೊದಲೇ, ಅಂದರೆ ಹತ್ತು-ಹದಿನೈದು ನಿಮಿಷದೊಳಗೆ, ಚಿತ್ರ ತೆಗೆದು ತೊಳೆದು ಮುಗಿಸಬೇಕು. ತಡವಾದರೆ ಪ್ಲೇಟ್ ಹಾಳು. ಬೆರಳುಗಳು ಕಪ್ಪಾಗುವುದಂತೂ ತಪ್ಪದು. 1880ರ ಹೊತ್ತಿಗೆ ಜೆಲಟಿನ್ ಸವರಿದ ಒಣ ಪ್ಲೇಟ್ ಕಾರ್ಖಾನೆಯಿಂದಲೇ ಪೆಟ್ಟಿಗೆಯಲ್ಲಿ ಬರತೊಡಗಿತು. ಈಗ ತೆಗೆದದ್ದನ್ನು ಸಂಜೆ ತೊಳೆದರೂ ಆಯಿತು. ಹಾಗಾಗಿ ಕ್ಯಾಮೆರಾಕ್ಕೆ ಒಬ್ಬರು, ಕತ್ತಲೆಕೋಣೆಗೆ ಒಬ್ಬರು, ತಿದ್ದುವುದಕ್ಕೆ ಇನ್ನೊಬ್ಬರು ಎಂದು ಕೆಲಸ ಹಂಚಿಕೊಳ್ಳಲು ಸಾಧ್ಯವಾಯಿತು.

ಆ ಪ್ಲೇಟುಗಳಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಕೆಂಪು ರೇಷ್ಮೆ ಕಪ್ಪಾಗಿ, ತಿಳಿನೀಲಿ ಬೆಳ್ಳಗೆ ಬರುತ್ತಿತ್ತು. ಕೆನ್ನೆಯ ಕೆಂಪು, ಮುಖದ ಮಚ್ಚೆಗಳು ಕಣ್ಣಿಗೆ ಕಾಣುವುದಕ್ಕಿಂತ ಗಾಢವಾಗಿ ಮೂಡುತ್ತಿದ್ದವು. ಮಚ್ಚೆ ಪ್ರಿಂಟಿನಲ್ಲಿ ಕಪ್ಪಾದರೆ, ಕಪ್ಪು-ಬಿಳುಪು ಅದಲುಬದಲಾಗಿರುವ ನೆಗೆಟಿವಿನಲ್ಲಿ ತೆಳು ಚುಕ್ಕೆ. ತಿದ್ದುವವರು ಮೊದಲು ನೆಗೆಟಿವಿಗೆ ವಾರ್ನಿಷ್ ಉಜ್ಜಿಕೊಳ್ಳುತ್ತಿದ್ದರು, ಇಲ್ಲದಿದ್ದರೆ ಪೆನ್ಸಿಲ್ ಹಿಡಿಯುವುದಿಲ್ಲ. ಆಮೇಲೆ ಸೂಜಿಯಷ್ಟು ಚೂಪಾದ ಪೆನ್ಸಿಲಿನಿಂದ ಆ ಚುಕ್ಕೆಯನ್ನು ಸುತ್ತಲಿನ ಸಾಂದ್ರತೆ ಬರುವವರೆಗೆ ತುಂಬುತ್ತಿದ್ದರು. ಕೈ ಸ್ವಲ್ಪ ಹೆಚ್ಚಾದರೂ ಮುಖ ಮೇಣದ ಗೊಂಬೆಯಂತಾಗುತ್ತದೆ.

ಹ್ಯೂಸ್ ಹೆಸರು ನಿಂತದ್ದು ಪ್ಲಾಟಿನಂ ಪ್ರಿಂಟಿನ ಮೇಲೆ. ವಿಲಿಯಂ ವಿಲ್ಲಿಸ್ 1873ರಲ್ಲಿ ಪೇಟೆಂಟ್ ಪಡೆದ ವಿಧಾನ ಇದು. ಕಾಗದಕ್ಕೆ ಫೆರಿಕ್ ಆಕ್ಸಲೇಟ್ ಎಂಬ ಕಬ್ಬಿಣದ ಲವಣ ಮತ್ತು ಪ್ಲಾಟಿನಂ ಲವಣ ಸವರಿರುತ್ತಾರೆ. ನೆಗೆಟಿವನ್ನು ಅದರ ಮೇಲೆ ನೇರವಾಗಿ ಒತ್ತಿಟ್ಟು ಬಿಸಿಲಿಗೆ ಹಿಡಿಯಬೇಕು. ದೊಡ್ಡದು ಮಾಡುವ ಮಾತಿಲ್ಲ, ಪ್ರಿಂಟ್ ಎಷ್ಟೋ ನೆಗೆಟಿವೂ ಅಷ್ಟೇ. ಚಿತ್ರ ಮಸುಕಾಗಿ ಮೂಡಿದಾಗ ತೆಗೆದು ಪೊಟ್ಯಾಸಿಯಂ ಆಕ್ಸಲೇಟ್ ದ್ರಾವಣಕ್ಕೆ ಹಾಕಿದರೆ ಕ್ಷಣದಲ್ಲಿ ಪೂರ್ತಿ ಮೂಡಿಬಿಡುತ್ತದೆ. ಬಳಿಕ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮೂರು ಬಾರಿ ಅದ್ದಬೇಕು. ಕೊನೆಯ ತಟ್ಟೆಯ ದ್ರಾವಣ ಬಣ್ಣವೇ ಇಲ್ಲದೆ ಉಳಿದರೆ ಕಬ್ಬಿಣ ಹೋಯಿತು ಎಂದರ್ಥ. ಹೋಗದಿದ್ದರೆ ಬಿಳಿ ಭಾಗಗಳು ಹಳದಿಗೆ ತಿರುಗುತ್ತವೆ. ಇನ್ನೊಂದು ಶತ್ರು ತೇವ. ಕಾಗದವನ್ನು ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಇಟ್ಟ ತಗಡಿನ ಡಬ್ಬಿಯಲ್ಲಿಡದಿದ್ದರೆ ಚಿತ್ರ ಕಪ್ಪಿಲ್ಲದೆ, ಬಿಳಿಯಿಲ್ಲದೆ, ಬೂದಿ ಬಳಿದಂತೆ ಬರುತ್ತದೆ.

ಇಷ್ಟೆಲ್ಲ ಪಾಡೇಕೆಂದರೆ, ಪ್ಲಾಟಿನಂ ಕಾಗದದ ಮೇಲೆ ಪದರವಾಗಿ ಕೂರದೆ ನಾರಿನೊಳಗೇ ಇಳಿಯುತ್ತದೆ. ಬಿಳಿ ಸ್ಯಾಟಿನ್ ಗೌನು, ಅದರ ಮೇಲೆ ಬಿಳಿ ಲೇಸು, ಅದಕ್ಕೊಂದು ಮುತ್ತಿನ ಹಾರ: ಈ ಬಿಳಿಗಳನ್ನು ಒಂದರಿಂದೊಂದು ಬಿಡಿಸಿ ತೋರಿಸುವ ಶಕ್ತಿ ಅದಕ್ಕಿದೆ. 18ನೇ ಶತಮಾನದ ವರ್ಣಚಿತ್ರಗಳ ಮಾದರಿಯ ಹಿನ್ನೆಲೆಯಲ್ಲಿ ಕೂತ ಶ್ರೀಮಂತ ಮಹಿಳೆಯರಿಗೆ ಬೇಕಿದ್ದದ್ದೂ ಅದೇ.

ಗೌವರ್ ಸ್ಟ್ರೀಟಿನಲ್ಲಿ ಬಾಗಿಲು ತೆರೆದ ಮರುವರ್ಷ, 1892ರಲ್ಲಿ, ಹೈದರಾಬಾದಿನಲ್ಲಿ ಛಾಯಾಗ್ರಾಹಕ ಲಾಲಾ ದೀನ್ ದಯಾಳರು ಜನಾನಾ, ಅಂದರೆ ಹೆಂಗಸರಿಗಷ್ಟೇ ಮೀಸಲಾದ, ಸ್ಟುಡಿಯೊ ಆರಂಭಿಸಿದರು. ನಮ್ಮ ಕಲಬುರಗಿ, ಬೀದರ್, ರಾಯಚೂರು ಆಗ ಸೇರಿದ್ದ ನಿಜಾಮರ ರಾಜ್ಯ ಅದು. ಸ್ಟುಡಿಯೊ ನೋಡಿಕೊಂಡವರು ಶ್ರೀಮತಿ ಕೆನ್ನಿ-ಲೆವಿಕ್ ಎಂಬ ಆಂಗ್ಲ ಮಹಿಳೆ. ಬೆಂಗಳೂರಿನ ಗೋಷಾ ಆಸ್ಪತ್ರೆಯ ಹೆಸರಿನಲ್ಲಿ ಇಂದಿಗೂ ಉಳಿದಿರುವ ಆ ಗೋಷಾ ಪದ್ಧತಿಯೇ, ಅಂದರೆ ಹೆಂಗಸರು ಪರಪುರುಷರ ಕಣ್ಣಿಗೆ ಬೀಳದೆ ಪರದೆಯಲ್ಲಿರುವ ಪದ್ಧತಿಯೇ, ಇದಕ್ಕೆ ಕಾರಣ. ಹೆಣ್ಣುಮಕ್ಕಳ ಫೋಟೊ ಬೇಕೆಂದರೆ ಕ್ಯಾಮೆರಾದ ಹಿಂದೆ ಹೆಂಗಸೇ ಇರಬೇಕಿತ್ತು. ಲಂಡನ್ನಿನಲ್ಲಿ ಅದು ಹ್ಯೂಸ್ ಆರಿಸಿಕೊಂಡ ನಿಯಮ, ಇಲ್ಲಿ ಅದನ್ನು ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಎರಡನ್ನೂ ಒಂದೇ ಎನ್ನುವುದು ತಪ್ಪು.

1910ರ ಕೊನೆಗೆ ಹ್ಯೂಸ್ ಸುಮಾರು 50,000 ನೆಗೆಟಿವುಗಳನ್ನು ಸ್ಪೇಟ್ ಎಂಬ ಫೋಟೊ ಕಂಪನಿಗೆ ಮಾರಿದರು. 1914ರಲ್ಲಿ ಬರ್ಲಿನ್ನಿಗೆ ಹೋದರು. ಯುದ್ಧ ಬಂದು ಲಂಡನ್ನಿಗೆ ಮರಳಿ, ಎಬರಿ ಸ್ಟ್ರೀಟಿನಲ್ಲಿ 1933ರವರೆಗೆ ಕೆಲಸ ಮಾಡಿದರು. ಸ್ಫೋಟಕಗಳಿಗೆ ಬೇಕಾದ ನೈಟ್ರಿಕ್ ಆಮ್ಲದ ತಯಾರಿಕೆಗೆ ಪ್ಲಾಟಿನಂ ಬೇಕಾಗಿ, ಯುದ್ಧಕಾಲದಲ್ಲಿ ಅದರ ಕಾಗದ ಸಿಗುವುದೇ ಕಷ್ಟವಾಯಿತು. ಮುಂದಿನ ತಲೆಮಾರಿನ ಡೊರೊಥಿ ವೈಲ್ಡಿಂಗ್ 1937ರ ಪಟ್ಟಾಭಿಷೇಕಕ್ಕೆ ಅಧಿಕೃತ ಛಾಯಾಗ್ರಾಹಕಿಯಾದರು. 1952ರಲ್ಲಿ ಅವರು ತೆಗೆದ ಎಲಿಜಬೆತ್ ರಾಣಿಯ ಚಿತ್ರ ಬ್ರಿಟನ್ನಿನ ಅಂಚೆಚೀಟಿಯ ಮೇಲೆ ಬಂತು.

ಹಳೆಯ ಆಲ್ಬಮ್ಮಿನಲ್ಲಿ ಪ್ಲಾಟಿನಂ ಪ್ರಿಂಟ್ ಗುರುತಿಸುವುದು ಕಷ್ಟವಲ್ಲ. ಹೊಳಪಿರುವುದಿಲ್ಲ, ಭೂತಗನ್ನಡಿಯಲ್ಲಿ ಕಾಗದದ ನಾರು ಕಾಣುತ್ತದೆ, ಬೆಳ್ಳಿ ಲವಣದ ಪ್ರಿಂಟುಗಳ ಕಪ್ಪು ಭಾಗದಲ್ಲಿ ಕಾಣುವ ಕನ್ನಡಿಮಿಂಚು ಇರುವುದಿಲ್ಲ. ಎದುರು ಹಾಳೆಯನ್ನೂ ನೋಡಿ: ವರ್ಷಗಟ್ಟಲೆ ತಾಗಿಕೊಂಡಿದ್ದರೆ ಅದರ ಮೇಲೆ ಅದೇ ಮುಖ ತಿರುವುಮುರುವಾಗಿ, ಕಂದು ಬಣ್ಣದಲ್ಲಿ ಮೂಡಿರುತ್ತದೆ. ಪ್ಲಾಟಿನಂ ಕಾಗದದ ಕ್ಷಯವನ್ನು ಚುರುಕುಗೊಳಿಸುವುದರಿಂದ ಹೀಗಾಗುತ್ತದೆ. ಚಿತ್ರ ಮಾಸದಿದ್ದರೂ ಅದನ್ನು ಹೊತ್ತ ಕಾಗದ ಹಪ್ಪಳದಂತೆ ಮುರಿಯಬಹುದು. ಕೆಳಗೊಂದು ರಟ್ಟು ಕೊಟ್ಟು, ಎರಡೂ ಕೈಯಿಂದ ಎತ್ತಿ.