ಹ್ಯಾಂಕ್ ಗ್ಯಾದರ್ಸ್ ಹೃದಯದಲ್ಲಿ ಏನಾಯ್ತು

1988-89ರ ಸೀಸನ್‌ನಲ್ಲಿ ಅಮೆರಿಕದ ಕಾಲೇಜ್ ಬಾಸ್ಕೆಟ್‌ಬಾಲ್‌ನ ಎಲ್ಲಕ್ಕಿಂತ ಮೇಲಿನ ಹಂತವಾದ ಡಿವಿಷನ್ ಒನ್‌ನಲ್ಲಿ ಪಾಯಿಂಟ್‌ನಲ್ಲೂ ನಂಬರ್ ಒನ್, ರೀಬೌಂಡ್‌ನಲ್ಲೂ ನಂಬರ್ ಒನ್ ಆಗಿದ್ದವನು ಹ್ಯಾಂಕ್ ಗ್ಯಾದರ್ಸ್. ಮ್ಯಾಚಿಗೆ ಸರಾಸರಿ 32.7 ಪಾಯಿಂಟ್, 13.7 ರೀಬೌಂಡ್. ಅವನಿಗಿಂತ ಮುಂಚೆ ಈ ಎರಡನ್ನೂ ಒಂದೇ ವರ್ಷದಲ್ಲಿ ಮಾಡಿದ್ದವನು ಝೇವಿಯರ್ ಮೆಕ್‌ಡೇನಿಯಲ್ ಒಬ್ಬನೇ. ಬಾಸ್ಕೆಟ್‌ಬಾಲ್ ಅಷ್ಟಾಗಿ ನೋಡದವರಿಗೆ ಹೇಳ್ಬೇಕಂದ್ರೆ, ಪಾಯಿಂಟ್ ಹೊಡೆಯೋಕೆ ಕೈಚಳಕ ಬೇಕು, ರೀಬೌಂಡ್‌ಗೆ ಅದು ಸಾಲಲ್ಲ, ರಿಂಗಿಗೆ ಬಡಿದು ವಾಪಸ್ ಬರೋ ಚೆಂಡಿಗೆ ಅಷ್ಟೆತ್ತರದವರ ಮಧ್ಯೆ ನುಗ್ಗಿ ಹಾರ್ಬೇಕು, ಸಿಗ್ಲಿಲ್ಲಾಂದ್ರೆ ಇನ್ನೊಂದ್ಸಲ ಹಾರ್ಬೇಕು, ಮೂರನೇ ಸಲಾನೂ ಹಾರ್ಬೇಕು. ಹ್ಯಾಂಕ್ ಆರಡಿ ಏಳಿಂಚು, ಆ ಜಾಗದಲ್ಲಿ ಆಡೋರಿಗೆ ಅದೇನು ದೊಡ್ಡ ಎತ್ತರ ಅಲ್ಲ, ಅವನು ಗೆಲ್ತಿದ್ದಿದ್ದು ದಣಿವೇ ಗೊತ್ತಿಲ್ಲದ ಹಾಗೆ ಆಡಿ. 1990ರ ಮಾರ್ಚ್ 4ಕ್ಕೆ ಕೋರ್ಟ್ ಮೇಲೆ ಕುಸಿದು ಬಿದ್ದು ತೀರ್ಕೊಂಡ, ಆಗ ಬರೀ 23 ವರ್ಷ. ಅವನ ಕಥೆ ಬಂದಾಗ "ಮಾತ್ರೆ ಸರಿಯಾಗಿ ತಗೊಂಡು ಆಟ ಬಿಟ್ಟಿದ್ರೆ ಬದುಕ್ತಿದ್ದ" ಅಂತ ಒಂದೇ ಮಾತಲ್ಲಿ ಮುಗಿಸೋರಿದ್ದಾರೆ. ನನಗೆ ಅದು ಅನ್ಯಾಯ ಅನ್ಸುತ್ತೆ, ಯಾಕೆ ಅಂತ ಹೇಳೋಕೆ ಸ್ವಲ್ಪ ಹೃದಯದ ಒಳಗೆ ಹೋಗ್ಬೇಕು.

ಹುಟ್ಟಿ ಬೆಳೆದಿದ್ದು ಉತ್ತರ ಫಿಲಡೆಲ್ಫಿಯಾದಲ್ಲಿ, ರೇಮಂಡ್ ರೋಸನ್ ಅನ್ನೋ ಸರ್ಕಾರಿ ವಸತಿ ಕಾಲೋನಿಯಲ್ಲಿ, ಬಡತನ ಇದ್ದ ಜಾಗ. ಡಾಬಿನ್ಸ್ ಹೈಸ್ಕೂಲಲ್ಲಿ ಜೊತೆಗೆ ಆಡ್ತಿದ್ದ ಗೆಳೆಯ ಬೋ ಕಿಂಬಲ್. ಇಬ್ಬರೂ 1985ರಲ್ಲಿ ಲಾಸ್ ಏಂಜಲೀಸ್‌ನ ಯುಎಸ್‌ಸಿ ಯೂನಿವರ್ಸಿಟಿ ಸೇರಿದ್ರು, ಅಲ್ಲಿ ಕೋಚ್ ಬದಲಾದ ಮೇಲೆ ಒಟ್ಟಿಗೇ ಬಿಟ್ಟು ಅದೇ ಊರಿನ ಲಯೋಲಾ ಮೇರಿಮೌಂಟ್‌ಗೆ ಬಂದ್ರು. ಅಲ್ಲಿನ ಕೋಚ್ ಪಾಲ್ ವೆಸ್ಟ್‌ಹೆಡ್‌ಗೆ ವೇಗದ ಹುಚ್ಚು. ಆಗ ಒಂದು ಶಾಟ್ ಹೊಡೆಯೋಕೆ 45 ಸೆಕೆಂಡ್ ಟೈಮ್ ಇರ್ತಿತ್ತು, ಈ ಟೀಮ್ ಚೆಂಡು ಸಿಕ್ಕ ಕೆಲವೇ ಸೆಕೆಂಡಲ್ಲಿ ಹೊಡೆದು ಮುಗಿಸಿ, ಉಸಿರಾಡೋಕೂ ನಿಲ್ಲದೆ ಎದುರಾಳಿ ಮೇಲೆ ಇಡೀ ಕೋರ್ಟ್ ಉದ್ದಕ್ಕೂ ಮುಗಿಬೀಳ್ತಿತ್ತು. 1989-90ರಲ್ಲಿ ಇವರು ಮ್ಯಾಚಿಗೆ ಸರಾಸರಿ 122.4 ಪಾಯಿಂಟ್ ಹೊಡೆದ್ರು, ಆ ದಾಖಲೆಯನ್ನ ಇವತ್ತಿಗೂ ಯಾರೂ ಮುರಿದಿಲ್ಲ. ಹೃದಯಕ್ಕೆ ಇದಕ್ಕಿಂತ ಕಷ್ಟದ ಬಾಸ್ಕೆಟ್‌ಬಾಲ್ ಇನ್ನೊಂದಿರ್ಲಿಲ್ಲ ಅಂತಾನೇ ಹೇಳ್ಬಹುದು. ಸುಮ್ನೆ ಕೂತಾಗ ನಮ್ಮ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಪಂಪ್ ಮಾಡುತ್ತೆ, ಪಳಗಿದ ಅಥ್ಲೀಟ್ ಪೂರ್ತಿ ವೇಗದಲ್ಲಿ ಓಡುವಾಗ ಅದು 25-30 ಲೀಟರ್‌ವರೆಗೂ ಹೋಗುತ್ತೆ.

1989ರ ಡಿಸೆಂಬರ್ 9ಕ್ಕೆ ಸಾಂಟಾ ಬಾರ್ಬರಾ ಟೀಮ್ ಮೇಲಿನ ಮ್ಯಾಚ್‌ನಲ್ಲಿ ಹ್ಯಾಂಕ್ ಫ್ರೀ ಥ್ರೋ (ಫೌಲ್ ಆದಾಗ ಯಾರ ಅಡ್ಡಿಯೂ ಇಲ್ಲದೆ ಹೊಡೆಯೋ ಶಾಟ್) ಲೈನ್ ಹತ್ರಾನೇ ಕುಸಿದ. ಟೆಸ್ಟ್‌ಗಳಲ್ಲಿ ಸಿಕ್ಕಿದ್ದು ವೆಂಟ್ರಿಕ್ಯುಲರ್ ಟಾಕಿಕಾರ್ಡಿಯಾ, ಅದೂ ದೇಹಕ್ಕೆ ಶ್ರಮ ಬಿದ್ದಾಗ ಬರೋ ಥರದ್ದು. ಅಂದ್ರೆ ಏನು? ಹೃದಯದ ಪ್ರತಿ ಬಡಿತವೂ ಒಂದು ವಿದ್ಯುತ್ ಅಲೆ. ಮೇಲಿನ ಬಲ ಕೋಣೆಯಲ್ಲಿ ಹುಟ್ಟಿ, ಕೆಳಗಿನ ದೊಡ್ಡ ಕೋಣೆಗಳಿಗೆ ಹರಡಿ, ಅಲ್ಲಿ ಸ್ನಾಯು ಹಿಂಡಿ, ಅಲೆ ಸತ್ತುಹೋಗ್ಬೇಕು, ಆಮೇಲೆ ಮುಂದಿನದು. ಸ್ನಾಯುವಿನಲ್ಲಿ ಎಲ್ಲಾದ್ರೂ ಗಾಯ ಮಾಗಿದ ಕಲೆ ಇದ್ರೆ ಅಲ್ಲಿ ವಿದ್ಯುತ್ ಸರಿಯಾಗಿ ಹರಿಯಲ್ಲ, ಅಲೆ ಸಾಯೋ ಬದಲು ಆ ಕಲೆಯನ್ನೇ ಸುತ್ತು ಹಾಕ್ತಾ ಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತೋಕೆ ಶುರು ಮಾಡ್ಬಹುದು, ಪ್ರತಿ ಸುತ್ತಿಗೂ ಒಂದು ಸುಳ್ಳು ಬಡಿತ. ಬಡಿತ ವಿಪರೀತ ಜೋರಾದಾಗ ಕೋಣೆಗೆ ರಕ್ತ ತುಂಬೋಕೇ ಟೈಮ್ ಇರಲ್ಲ, ಮೆದುಳಿಗೆ ರಕ್ತ ಕಮ್ಮಿಯಾಗಿ ತಲೆ ಸುತ್ತುತ್ತೆ. ಇದು ಇನ್ನೂ ಕೆಟ್ಟು ಫಿಬ್ರಿಲೇಷನ್ ಆಯ್ತು ಅಂದ್ರೆ ಹೃದಯ ಬಡಿಯೋದೇ ಇಲ್ಲ, ಸುಮ್ನೆ ನಡುಗ್ತಾ ಇರುತ್ತೆ, ರಕ್ತ ಒಂದು ಹನೀನೂ ಮುಂದೆ ಹೋಗಲ್ಲ. ಇದನ್ನೇ ಕಾರ್ಡಿಯಾಕ್ ಅರೆಸ್ಟ್ ಅನ್ನೋದು. ನಾವು ಮಾತಲ್ಲಿ ಎಲ್ಲದಕ್ಕೂ ಹಾರ್ಟ್ ಅಟ್ಯಾಕ್ ಅಂತೀವಿ, ಆದ್ರೆ ಹಾರ್ಟ್ ಅಟ್ಯಾಕ್ ಅಂದ್ರೆ ರಕ್ತನಾಳ ಕಟ್ಟಿಕೊಳ್ಳೋದು, ಇದು ವಿದ್ಯುತ್ತಿನ ಗೋಳು, ಎರಡೂ ಬೇರೆ.

ಡಾಕ್ಟರ್ ಕೊಟ್ಟಿದ್ದು ಪ್ರೊಪ್ರನೊಲಾಲ್. 1960ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ಕಂಡುಹಿಡಿದ ಬೀಟಾ ಬ್ಲಾಕರ್ ಇದು, ಆತನಿಗೆ 1988ರಲ್ಲಿ ನೊಬೆಲ್ ಬಂತು, ಲಕ್ಷಾಂತರ ಜನರ ಜೀವ ಉಳಿಸಿರೋ ಔಷಧಿ. ಓಡುವಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತಲ್ಲ, ಅದು ಹೃದಯದ ಮೇಲಿನ ಬೀಟಾ ರಿಸೆಪ್ಟರ್‌ಗಳಿಗೆ ಹೋಗಿ ಕೂತು ಜೋರಾಗಿ ಬಡಿ, ಗಟ್ಟಿಯಾಗಿ ಹಿಂಡು ಅನ್ನುತ್ತೆ, ಬೀಟಾ ಬ್ಲಾಕರ್ ಆ ಜಾಗವನ್ನ ಮೊದಲೇ ಹಿಡ್ಕೊಂಡು ಬಿಡುತ್ತೆ. ಹೃದಯಕ್ಕೆ ಒಳ್ಳೇದು. ಆದ್ರೆ ನಿಮಿಷಕ್ಕೆ 190 ಸಲ ಬಡಿಯೋಕೆ ಪಳಗಿದ ಹೃದಯಕ್ಕೆ ಅಷ್ಟು ವೇಗ ಏರೋಕೇ ಬಿಡದಿದ್ರೆ ಕಾಲಿಗೆ ಬೇಕಾದಷ್ಟು ಆಕ್ಸಿಜನ್ ಹೋಗಲ್ಲ, ಕಾಲು ಭಾರ, ಆಟ ಮಂಕು. ಹ್ಯಾಂಕ್ ಹೇಳಿದ್ದೂ ಅದನ್ನೇ, ಮೈ ಜಡ ಅನ್ಸುತ್ತೆ ಅಂತ. ಅದು ಅವನ ಸೋಮಾರಿತನವೂ ಅಲ್ಲ ಹಠವೂ ಅಲ್ಲ, ಔಷಧಿ ಕೆಲಸ ಮಾಡ್ತಿರೋದ್ರ ಲಕ್ಷಣವೇ ಅದು! ಅವನನ್ನ ಹ್ಯಾಂಕ್ ಗ್ಯಾದರ್ಸ್ ಮಾಡಿದ್ದು ಯಾವುದೋ ಅದನ್ನೇ ಮಾತ್ರೆ ಕಿತ್ಕೊಳ್ತಿತ್ತು, ಇನ್ನು ಕೆಲವೇ ತಿಂಗಳಲ್ಲಿ ಎನ್‌ಬಿಎ ಡ್ರಾಫ್ಟ್, ಅಂದ್ರೆ ಅಮೆರಿಕದ ವೃತ್ತಿಪರ ಲೀಗ್‌ಗೆ ಆಟಗಾರರನ್ನ ಆರಿಸೋ ದಿನ, ಇತ್ತು, ಇಡೀ ಕುಟುಂಬದ ಬದುಕು ಬದಲಾಗೋ ದಿನ. ಡೋಸ್ ಹಂತ ಹಂತವಾಗಿ ಇಳೀತು. 1990ರ ಫೆಬ್ರವರಿಯಲ್ಲಿ ಎಲ್‌ಎಸ್‌ಯು ಟೀಮ್ ಮೇಲೆ, ಎದುರಿಗೆ ಮುಂದೆ ಎನ್‌ಬಿಎ ದಿಗ್ಗಜನಾದ ಶಕೀಲ್ ಓನೀಲ್ ನಿಂತಿದ್ದಾಗ, ಇವನು 48 ಪಾಯಿಂಟ್ ಹೊಡೆದ. ಅದನ್ನ ನೋಡಿದ ಯಾರಿಗೆ ತಾನೇ ಈ ಹುಡುಗನ ಹೃದಯ ಸರಿಯಿಲ್ಲ ಅನ್ಸುತ್ತೆ ಹೇಳಿ.

ಮಾರ್ಚ್ 4ರ ಮ್ಯಾಚ್ ಇವರ ಲೀಗ್‌ನ ಟೂರ್ನಮೆಂಟ್‌ದು, ಪೋರ್ಟ್‌ಲ್ಯಾಂಡ್ ಟೀಮ್ ಮೇಲೆ, ತಮ್ಮದೇ ಗರ್ಸ್ಟನ್ ಪೆವಿಲಿಯನ್‌ನಲ್ಲಿ, ಮನೆಯವರೂ ನೋಡೋಕೆ ಬಂದಿದ್ರು. ಮೊದಲ ಅರ್ಧದಲ್ಲಿ ಇನ್ನೂ 13 ನಿಮಿಷ 34 ಸೆಕೆಂಡ್ ಬಾಕಿ. ಟೆರೆಲ್ ಲೋವರಿ ಮೇಲಕ್ಕೆ ಎಸೆದ ಪಾಸನ್ನ ಹ್ಯಾಂಕ್ ಗಾಳಿಯಲ್ಲೇ ಹಿಡಿದು ರಿಂಗಿಗೆ ಗುದ್ದಿದ, ಸ್ಕೋರ್ 25-13, ಜನ ಎದ್ದು ನಿಂತ್ರು, ಟೀಮ್‌ಮೇಟ್ ಕೈಗೆ ಕೈ ತಟ್ಟಿ ಡಿಫೆನ್ಸ್‌ಗೆ ನಾಲ್ಕು ಹೆಜ್ಜೆ ಹಾಕ್ತಾ ಹಾಕ್ತಾ ಬಿದ್ದ. ಏಳೋಕೆ ನೋಡಿದ, ಆಗ್ಲಿಲ್ಲ. ಮೊದಲ ಸಲ ಬಿದ್ದ ಮೇಲೆ ಕಾಲೇಜ್ ಒಂದು ಡಿಫಿಬ್ರಿಲೇಟರ್, ಅಂದ್ರೆ ಶಾಕ್ ಕೊಟ್ಟು ಹೃದಯದ ಬಡಿತ ಸರಿ ಮಾಡೋ ಯಂತ್ರ, ತರಿಸಿ ಇಟ್ಟಿತ್ತು, ಅದನ್ನ ಬೇಗ ಬಳಸಿದ್ರೆ ಏನಾಗ್ತಿತ್ತು ಅನ್ನೋ ಚರ್ಚೆ ಎಷ್ಟೋ ಕಾಲ ನಡೀತು. ಅರೆಸ್ಟ್ ಆದ ಮೇಲೆ ಸಿಪಿಆರ್ (ಎದೆ ಒತ್ತಿ ರಕ್ತ ಹರಿಯೋ ಹಾಗೆ ಮಾಡೋದು) ಆಗ್ಲಿ ಶಾಕ್ ಆಗ್ಲಿ ಇಲ್ಲದೆ ಹೋಗೋ ಪ್ರತಿ ನಿಮಿಷಕ್ಕೂ ಬದುಕೋ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಕಮ್ಮಿ ಆಗ್ತಾ ಹೋಗುತ್ತೆ. ಪೋಸ್ಟ್‌ಮಾರ್ಟಂನಲ್ಲಿ ಕಂಡಿದ್ದು ಹೃದಯದ ಸ್ನಾಯುವಿನ ಕಾಯಿಲೆ, ಕಾರ್ಡಿಯೋಮಯೋಪತಿ.

ಲೀಗ್ ಟೂರ್ನಮೆಂಟ್ ಅಲ್ಲಿಗೇ ರದ್ದಾಯ್ತು, ಲೀಗ್ ಚಾಂಪಿಯನ್ ಅಂತ ಲಯೋಲಾಗೆ ರಾಷ್ಟ್ರೀಯ ಟೂರ್ನಮೆಂಟ್‌ಗೆ ಪ್ರವೇಶ ಸಿಕ್ತು. ಹ್ಯಾಂಕ್‌ಗೆ ಫ್ರೀ ಥ್ರೋ ಒಂದು ಕೈಕೊಡ್ತಿತ್ತು, ಅದಕ್ಕೆ ಬಲಗೈ ಬಿಟ್ಟು ಎಡಗೈಲಿ ಹೊಡೆಯೋಕೆ ಕಲಿತಿದ್ದ. ಬೋ ಕಿಂಬಲ್ ಬಲಗೈಯವನು, ಆದ್ರೂ ಪ್ರತಿ ಮ್ಯಾಚ್‌ನ ತನ್ನ ಮೊದಲ ಫ್ರೀ ಥ್ರೋ ಗೆಳೆಯನ ನೆನಪಿಗೆ ಎಡಗೈಲಿ ಹೊಡೆದ, ಆ ಟೂರ್ನಮೆಂಟ್‌ನಲ್ಲಿ ಒಂದೂ ತಪ್ಪಲಿಲ್ಲ. ಹಿಂದಿನ ವರ್ಷದ ಚಾಂಪಿಯನ್ ಮಿಷಿಗನ್‌ನ 149-115ರಲ್ಲಿ ಸೋಲಿಸಿ, ಕೊನೇ ಎಂಟರ ಘಟ್ಟದವರೆಗೂ ಹೋದ್ರು. ಆ ಹುಡುಗರ ಮನಸ್ಸಿನ ಗಟ್ಟಿತನ ನೆನೆಸಿಕೊಂಡ್ರೆ ಈಗ್ಲೂ ಕಣ್ಣು ತುಂಬುತ್ತೆ.

ಮುಂಚೆಯೇ ಪತ್ತೆ ಹಚ್ಚೋದು ಅಂದುಕೊಂಡಷ್ಟು ಸುಲಭ ಅಲ್ಲ. ವರ್ಷಗಟ್ಟಲೆ ಟ್ರೇನಿಂಗ್ ಮಾಡಿದವರ ಹೃದಯದ ಗೋಡೆ ತಾನಾಗೇ ದಪ್ಪ ಆಗುತ್ತೆ, ಅದು ಆರೋಗ್ಯದ ಲಕ್ಷಣ. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಅನ್ನೋ ಆನುವಂಶಿಕ ಕಾಯಿಲೆ ಸುಮಾರು 500ರಲ್ಲಿ ಒಬ್ಬರಿಗೆ ಇರುತ್ತೆ, ಅದರಲ್ಲೂ ಗೋಡೆ ದಪ್ಪ ಆಗುತ್ತೆ, ಇದು ರೋಗ. 13ರಿಂದ 15 ಮಿಲಿಮೀಟರ್ ದಪ್ಪ ಬಂತು ಅಂದ್ರೆ ಎರಡರಲ್ಲಿ ಯಾವುದು ಅಂತ ಡಾಕ್ಟರ್‌ಗಳಿಗೂ ತಲೆಬಿಸಿ. ಇಟಲಿಯಲ್ಲಿ 1982ರಿಂದ ಸ್ಪರ್ಧೆಗೆ ಇಳಿಯೋ ಆಟಗಾರರಿಗೆಲ್ಲ ಇಸಿಜಿ ಕಡ್ಡಾಯ, ಅಲ್ಲಿನ ವೆನೆಟೊ ಪ್ರಾಂತ್ಯದ ಲೆಕ್ಕದಲ್ಲಿ ಯುವ ಅಥ್ಲೀಟ್‌ಗಳ ದಿಢೀರ್ ಸಾವು ಶೇಕಡಾ 89ರಷ್ಟು ಇಳೀತು. ಅಮೆರಿಕ ದೇಶಾದ್ಯಂತ ಕಡ್ಡಾಯ ಮಾಡಿಲ್ಲ, ಸುಳ್ಳು ಅಲಾರಂ ಜಾಸ್ತಿ, ಆರೋಗ್ಯವಾಗಿರೋ ಹುಡುಗರೂ ಆಟ ಕಳ್ಕೊಳ್ತಾರೆ ಅನ್ನೋ ವಾದ. ಆದ್ರೆ ಅಲ್ಲಿನ ಕಾಲೇಜ್ ಅಥ್ಲೀಟ್‌ಗಳಲ್ಲಿ ಒಟ್ಟಾರೆ ವರ್ಷಕ್ಕೆ ಸುಮಾರು 54,000ಕ್ಕೆ ಒಬ್ಬರು ಹೀಗೆ ಸತ್ರೆ, ಡಿವಿಷನ್ ಒನ್‌ನ ಗಂಡುಮಕ್ಕಳ ಬಾಸ್ಕೆಟ್‌ಬಾಲ್‌ನಲ್ಲಿ ಅದು ಸುಮಾರು 5,200ಕ್ಕೆ ಒಬ್ಬ. ಇಷ್ಟು ವ್ಯತ್ಯಾಸ ಇದ್ಮೇಲೆ ಈ ಒಂದು ಗುಂಪಿಗಾದ್ರೂ ಇಸಿಜಿ ಮಾಡಿಸೋದೇ ಸರಿ ಅನ್ನೋದು ನನ್ನ ಅಭಿಪ್ರಾಯ.

ಈಗ ದಾರಿಗಳು ಜಾಸ್ತಿ ಆಗಿವೆ. ಮೈಯೊಳಗೆ ಕೂರಿಸೋ ಡಿಫಿಬ್ರಿಲೇಟರ್ 1980ರಲ್ಲೇ ಬಂದಿತ್ತು, ಆದ್ರೆ ಆಗ ಅದು ದೊಡ್ಡದು, ಅದನ್ನ ಹಾಕ್ಕೊಂಡು ಸ್ಪರ್ಧೆಯಲ್ಲಿ ಆಡೋದು ಯಾರ ತಲೆಗೂ ಬರ್ತಿರ್ಲಿಲ್ಲ. 2021ರಲ್ಲಿ ಯೂರೋ ಕಪ್‌ನಲ್ಲಿ ಮೈದಾನದಲ್ಲೇ ಕುಸಿದ ಫುಟ್‌ಬಾಲ್ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ ಅದನ್ನ ಹಾಕಿಸ್ಕೊಂಡು ಮತ್ತೆ ಆಡಿದ. ಹ್ಯಾಂಕ್ ಮೊದಲು ಸೇರಿದ್ದ ಅದೇ ಯುಎಸ್‌ಸಿಯಲ್ಲಿ 2023ರ ಜುಲೈನಲ್ಲಿ ಪ್ರಾಕ್ಟೀಸ್ ಮಾಡ್ತಿದ್ದ ಬ್ರಾನಿ ಜೇಮ್ಸ್‌ಗೆ ಕಾರ್ಡಿಯಾಕ್ ಅರೆಸ್ಟ್ ಆಯ್ತು, ಸ್ಟಾಫ್ ತಕ್ಷಣ ನೋಡ್ಕೊಂಡ್ರು, ಹುಟ್ಟಿನಿಂದ ಇದ್ದ ದೋಷಕ್ಕೆ ಚಿಕಿತ್ಸೆ ಆಯ್ತು, ಡಿಸೆಂಬರ್‌ಗೆ ಕೋರ್ಟ್‌ಗೆ ವಾಪಸ್.

ನಮಗೂ ಇದರಲ್ಲಿ ಒಂದು ಪಾಲಿದೆ. ಎಂವೈಬಿಪಿಸಿ3 ಅನ್ನೋ ಜೀನ್‌ನಲ್ಲಿ 25 ಅಕ್ಷರಗಳಷ್ಟು ತುಂಡು ಬಿಟ್ಟುಹೋಗಿರೋ ಒಂದು ರೂಪ ಭಾರತ ಉಪಖಂಡದ ಜನರಲ್ಲಿ ಸುಮಾರು ಶೇಕಡಾ 4ರಷ್ಟು ಮಂದಿಗೆ ಇದೆ, ಹೃದಯ ಸ್ನಾಯುವಿನ ಕಾಯಿಲೆ ಜೊತೆ ಅದಕ್ಕೆ ನಂಟಿದೆ ಅಂತ 2009ರಲ್ಲಿ ಗೊತ್ತಾಯ್ತು. ಇದ್ದವರಿಗೆಲ್ಲ ಕಾಯಿಲೆ ಬರಲ್ಲ, ಹೆದರ್ಬೇಕಾಗಿಲ್ಲ. ಆದ್ರೆ ಮಗು ಓಡ್ತಾ ಇರುವಾಗಲೇ, ಆಟದ ಮಧ್ಯದಲ್ಲೇ ಎಚ್ಚರ ತಪ್ಪಿ ಬಿದ್ರೆ, ಅಥವಾ ಮನೆತನದಲ್ಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲೇ ಇದ್ದಕ್ಕಿದ್ದಂತೆ ಹೋಗಿದ್ರೆ, ಬಿಸಿಲಿಗೆ ತಲೆ ಸುತ್ತಿತು, ಬೆಳಿಗ್ಗೆ ತಿಂಡಿ ತಿಂದಿರ್ಲಿಲ್ಲ ಅಂತ ಬಿಡ್ಬೇಡಿ, ಇಸಿಜಿ ಮತ್ತೆ ಎಕೋ (ಹೃದಯದ ಸ್ಕ್ಯಾನ್) ಎರಡನ್ನೂ ಮಾಡಿಸಿ, ಹಾರ್ಟ್ ಡಾಕ್ಟರ್ ಸರಿ ಅನ್ನೋವರೆಗೂ ಮೈದಾನಕ್ಕೆ ಕಳಿಸ್ಬೇಡಿ.