ಸಚಿವರ ವಿವೇಚನೆಗೂ ಕಾರಣ ಬೇಕು: ಐರಿಷ್ ಪೌರತ್ವ ಮತ್ತು ಕೋರ್ಟುಗಳು

ಗಂಡ ಹೆಂಡತಿ ಇಬ್ಬರೂ 2002ರಲ್ಲಿ ಸಿರಿಯಾದಿಂದ ಐರ್ಲೆಂಡ್‌ಗೆ ಬಂದವರು. ಇಬ್ಬರನ್ನೂ ನಿರಾಶ್ರಿತರೆಂದು ಸರ್ಕಾರ ಒಪ್ಪಿಕೊಂಡಿತು. ಮುಂದೆ ಇಬ್ಬರೂ ಪೌರತ್ವಕ್ಕೆ ಅರ್ಜಿ ಹಾಕಿದರು. ಹೆಂಡತಿಗೆ ಸಿಕ್ಕಿತು. ಗಂಡನಿಗೆ 2008ರಲ್ಲಿ ತಿರಸ್ಕಾರದ ಪತ್ರ ಬಂತು. ಯಾಕೆ ಅಂತ ಅದರಲ್ಲಿ ಒಂದು ಸಾಲೂ ಇರಲಿಲ್ಲ. ನ್ಯಾಯ ಖಾತೆಯ ಸಚಿವರು ತಮಗಿರುವ ‘ಸಂಪೂರ್ಣ ವಿವೇಚನೆ’ ಬಳಸಿ ಬೇಡ ಎಂದಿದ್ದಾರೆ, ಅಷ್ಟೇ.

ಮಲ್ಲಕ್ ಎಂಬ ಆ ಗಂಡ ಸುಮ್ಮನಾಗಲಿಲ್ಲ. ಹೈಕೋರ್ಟ್‌ನಲ್ಲಿ ಸೋತ ಮೇಲೂ ಸುಪ್ರೀಂ ಕೋರ್ಟ್‌ವರೆಗೆ ಹೋದರು. 2012ರ ಡಿಸೆಂಬರ್‌ನಲ್ಲಿ ಮಲ್ಲಕ್ ಪ್ರಕರಣದ ತೀರ್ಪು ಬಂತು, ಬರೆದವರು ನ್ಯಾಯಮೂರ್ತಿ ಫೆನೆಲಿ. ಕಾಯ್ದೆ ಸಚಿವರಿಗೆ ಎಷ್ಟೇ ದೊಡ್ಡ ವಿವೇಚನೆ ಕೊಟ್ಟಿರಲಿ, ಕಾರಣವೇ ಇಲ್ಲದೆ ನಿರ್ಧಾರ ಮಾಡಲು ಬರುವುದಿಲ್ಲ, ಇರುವ ಕಾರಣವನ್ನು ಮುಚ್ಚಿಡಲೂ ಬರುವುದಿಲ್ಲ ಎಂದರು. ಕಾರಣ ಗೊತ್ತಾಗದಿದ್ದರೆ ಆ ಮನುಷ್ಯ ಮತ್ತೆ ಅರ್ಜಿ ಹಾಕಬೇಕೋ, ಕೋರ್ಟಿಗೆ ಹೋಗಬೇಕೋ ಅಂತ ಹೇಗೆ ತೀರ್ಮಾನಿಸುವುದು? ಕೋರ್ಟಾದರೂ ಏನನ್ನು ಪರಿಶೀಲಿಸುವುದು?

ಡಬ್ಲಿನ್‌ನಲ್ಲಿ ವಲಸೆ ಮತ್ತು ಪೌರತ್ವದ ಕೇಸುಗಳನ್ನೇ ನೋಡುವ ನನಗೆ ಇದು ದಿನವೂ ಕೈಗೆ ಬರುವ ತೀರ್ಪು. ಈಗ ತಿರಸ್ಕಾರದ ಪತ್ರದ ಜೊತೆ ಕಾರಣವೂ ಬರುತ್ತದೆ. ಆ ಪುಟಗಳನ್ನು ಹಿಡಿದುಕೊಂಡೇ ನಾವು ಮುಂದಿನ ಹೆಜ್ಜೆ ಯೋಚಿಸುವುದು. ರಾಷ್ಟ್ರೀಯ ಭದ್ರತೆಯ ವಿಷಯ ಇದ್ದರೆ ಮಾತ್ರ ಕಥೆ ಬೇರೆ. ಅಲ್ಲಿ ಎಷ್ಟು ಹೇಳಬೇಕು ಎಂಬ ಜಗಳ ಇನ್ನೂ ನಡೆದೇ ಇದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಪೌರತ್ವ ತಿರಸ್ಕಾರವಾದರೆ ಅದರ ಮೇಲೆ ಮಾಮೂಲಿ ಅಪೀಲು ಇಲ್ಲ. ಇರುವುದು ಹೈಕೋರ್ಟ್‌ನಲ್ಲಿ ಜ್ಯುಡಿಷಿಯಲ್ ರಿವ್ಯೂ, ಅಂದರೆ ನಿರ್ಧಾರ ಕಾನೂನಿನ ಪ್ರಕಾರ ಆಯಿತೇ ಎಂಬ ಪರಿಶೀಲನೆ, ಅದೂ ಮೂರು ತಿಂಗಳೊಳಗೆ. ಗೆದ್ದರೂ ಕೋರ್ಟು ನಿಮಗೆ ಪೌರತ್ವ ಕೊಡುವುದಿಲ್ಲ. ನಿರ್ಧಾರ ಮಾಡಿದ ರೀತಿ ಸರಿಯಿಲ್ಲ, ಮತ್ತೆ ನೋಡಿ ಅಂತ ಸಚಿವರಿಗೆ ವಾಪಸ್ ಕಳಿಸುತ್ತದೆ. ‘ಸಾರ್, ಗೆದ್ದೆವಲ್ಲ, ಪಾಸ್‌ಪೋರ್ಟ್ ಯಾವಾಗ?’ ಅಂತ ಕೇಳುವವರಿಗೆ ಇದನ್ನು ಹೇಳುವಾಗ ನನಗೂ ಬೇಜಾರಾಗುತ್ತದೆ.

ಇದಕ್ಕೆಲ್ಲ ಮೂಲ 1956ರ ಐರಿಷ್ ರಾಷ್ಟ್ರೀಯತೆ ಮತ್ತು ಪೌರತ್ವ ಕಾಯ್ದೆ. ಅದರ 15ನೇ ಸೆಕ್ಷನ್‌ನಲ್ಲಿ ನ್ಯಾಚುರಲೈಸೇಶನ್, ಅಂದರೆ ವಿದೇಶಿಯರು ಅರ್ಜಿ ಹಾಕಿ ಪೌರತ್ವ ಪಡೆಯುವುದರ ಷರತ್ತುಗಳಿವೆ. ಸಾಮಾನ್ಯವಾಗಿ ಅರ್ಜಿಗೆ ಮುಂಚಿನ ಒಂದು ವರ್ಷ ಇಲ್ಲಿ ನಿರಂತರವಾಗಿ ವಾಸ ಇರಬೇಕು. ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಒಟ್ಟು ನಾಲ್ಕು ವರ್ಷ ವಾಸ ಇರಬೇಕು. ನಡತೆ ಚೆನ್ನಾಗಿರಬೇಕು. ಮುಂದೆಯೂ ಇಲ್ಲೇ ಇರುವ ಉದ್ದೇಶ ಇರಬೇಕು. ಕೊನೆಗೆ ಸಮಾರಂಭದಲ್ಲಿ ದೇಶನಿಷ್ಠೆಯ ಪ್ರತಿಜ್ಞೆ ಮಾಡಬೇಕು. ಇದೆಲ್ಲ ಇದ್ದರೂ ಸಚಿವರು ಕೊಡ‘ಬಹುದು’, ಕೊಡಲೇಬೇಕು ಅಂತಿಲ್ಲ.

ಈ ‘ನಿರಂತರ’ ಎಂಬುದೇ 2019ರಲ್ಲಿ ಇಡೀ ದೇಶದ ವಲಸಿಗರ ನಿದ್ದೆ ಕೆಡಿಸಿತು. ಜೋನ್ಸ್ ಎಂಬ ಆಸ್ಟ್ರೇಲಿಯಾದ ಪ್ರಜೆಯೊಬ್ಬರು ಅರ್ಜಿಗೆ ಮುಂಚಿನ ಒಂದು ವರ್ಷದಲ್ಲಿ 100 ದಿನ ದೇಶದ ಹೊರಗಿದ್ದರು. ಹೆಚ್ಚಿನದು ರಜೆ, ಮೂರು ದಿನ ಮಾತ್ರ ಕೆಲಸಕ್ಕೆ. ಆಗ ಇಲಾಖೆಯಲ್ಲಿ ಆರು ವಾರದ ಲೆಕ್ಕವಿತ್ತು. ಅಷ್ಟರವರೆಗೆ ಹೊರಗಿದ್ದರೆ ಪರವಾಗಿಲ್ಲ, ಮೀರಿದರೆ ವಿಶೇಷ ಕಾರಣ ತೋರಿಸಬೇಕು. ಇದು ಕಾಯ್ದೆಯಲ್ಲಿ ಬರೆದ ಮಾತಲ್ಲ, ಇಲಾಖೆ ಇಟ್ಟುಕೊಂಡ ಪದ್ಧತಿ. ಅದನ್ನು ಮೀರಿದ್ದಕ್ಕೆ ಜೋನ್ಸ್ ಅರ್ಜಿ ಬಿದ್ದುಹೋಯಿತು. ಅವರು ಹೈಕೋರ್ಟ್‌ಗೆ ಹೋದರು.

ಜುಲೈನಲ್ಲಿ ತೀರ್ಪು ಕೊಟ್ಟ ನ್ಯಾಯಮೂರ್ತಿ ಮ್ಯಾಕ್ಸ್ ಬ್ಯಾರೆಟ್ ನಿಘಂಟು ತೆಗೆದರು. ನಿರಂತರ ಅಂದರೆ ನಡುವೆ ಎಲ್ಲೂ ಕಡಿಯದಿರುವುದು. ಹಾಗಾದರೆ ಆ ವರ್ಷ ಒಂದು ದಿನವೂ ಹೊರಗೆ ಹೋಗುವ ಹಾಗಿಲ್ಲ. ಆರು ವಾರದ ರಿಯಾಯಿತಿ ಕೊಡಲು ಸಚಿವರಿಗೆ ಅಧಿಕಾರವೇ ಇಲ್ಲ. ಇದು ಕಷ್ಟ ಎನಿಸಿದರೆ ಸಂಸತ್ತು ಕಾಯ್ದೆ ಬದಲಿಸಲಿ ಎಂದುಬಿಟ್ಟರು.

ಸ್ವಲ್ಪ ಯೋಚನೆ ಮಾಡಿ. ಉತ್ತರ ಐರ್ಲೆಂಡ್ ಬೇರೆ ದೇಶಕ್ಕೆ ಸೇರಿದ್ದು. ಡಂಡಾಕ್‌ನಿಂದ ನ್ಯೂರಿಗೆ ತರಕಾರಿ ತರಲು ಹೋದರೂ ಗಡಿ ದಾಟಿದಂತೆಯೇ. ಕಂಪನಿ ಮೀಟಿಂಗ್‌ಗೆ ಲಂಡನ್‌ಗೆ ಹೋಗಿ ಮರುದಿನ ಬಂದರೂ ವರ್ಷ ಕಡಿದುಹೋಯಿತು. ಊರಲ್ಲಿ ಅಪ್ಪ ತೀರಿಕೊಂಡರೂ ಅಷ್ಟೇ. ಆ ಬೇಸಿಗೆಯಲ್ಲಿ ಕನ್ನಡದವರು, ಮಲಯಾಳಿಗಳು, ಬ್ರೆಜಿಲ್‌ನವರು, ಫಿಲಿಪೀನ್ಸ್‌ನವರು, ಯಾರು ಸಿಕ್ಕರೂ ಇದೇ ಮಾತು. ಟಿಕೆಟ್ ರದ್ದು ಮಾಡಬೇಕಾ? ಹಾಕಿದ ಅರ್ಜಿ ಏನಾಗುತ್ತೆ? ಯಾರ ಹತ್ತಿರವೂ ಗಟ್ಟಿ ಉತ್ತರ ಇರಲಿಲ್ಲ.

ನವೆಂಬರ್‌ನಲ್ಲಿ ಕೋರ್ಟ್ ಆಫ್ ಅಪೀಲ್ ಆ ಅರ್ಥವನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಮೋರಾ ವೇಲನ್ ಬರೆದ ತೀರ್ಪು ಅದು. ಪದವನ್ನು ಅಷ್ಟು ಬಿಗಿಯಾಗಿ ಹಿಡಿದರೆ ಕಾಯ್ದೆ ಅಸಂಬದ್ಧವಾಗುತ್ತದೆ, ನಡೆಸಲಿಕ್ಕೂ ಆಗುವುದಿಲ್ಲ. ವಾಸ ಅಂದರೆ ಆ ದೇಶದಲ್ಲಿ ಮನೆ ಮಾಡಿಕೊಂಡು ಬದುಕುವುದು, ಗಡಿ ದಾಟದೆ ಕೂತಿರುವುದಲ್ಲ. ಆರು ವಾರದ ಪದ್ಧತಿಯೂ ನ್ಯಾಯವಾಗಿಯೇ ಇದೆ ಎಂದು ಕೋರ್ಟು ಹೇಳಿತು. ಅದನ್ನು ಮೀರಿದ್ದ ಜೋನ್ಸ್ ಮಾತ್ರ ಇಲ್ಲೂ ಸೋತರು. ತನ್ನ ಕೇಸು ಎರಡು ಕಡೆ ಸೋತ ಮನುಷ್ಯನಿಂದ ಸಾವಿರಾರು ಜನರಿಗೆ ಕಾನೂನು ಸ್ಪಷ್ಟವಾಯಿತು. ಆ ಹೆಸರನ್ನು ನಾನು ಗೌರವದಿಂದಲೇ ಹೇಳುತ್ತೇನೆ.

ಸಂಸತ್ತು ಕೊನೆಗೆ 2023ರಲ್ಲಿ ಕಾಯ್ದೆ ತಿದ್ದಿತು. ಈಗ ಆ ಕೊನೆಯ ವರ್ಷದಲ್ಲಿ 70 ದಿನದವರೆಗೆ ಹೊರಗಿರಬಹುದು ಅಂತ ಕಾಯ್ದೆಯಲ್ಲೇ ಇದೆ. ಕಾಯಿಲೆ, ಕುಟುಂಬದ ತುರ್ತು, ಕೆಲಸ, ಓದು ಇಂಥ ವಿಶೇಷ ಸಂದರ್ಭದಲ್ಲಿ ಇನ್ನೂ 30 ದಿನ ಒಪ್ಪಲು ಸಚಿವರಿಗೆ ಅವಕಾಶವಿದೆ. ಈ ಬದಲಾವಣೆ ನನಗೆ ತುಂಬಾ ಇಷ್ಟ. ಅಧಿಕಾರಿಯ ಔದಾರ್ಯ ನಂಬಿ ಬದುಕುವುದಕ್ಕಿಂತ ಬರೆದಿಟ್ಟ ಸಂಖ್ಯೆ ಎಷ್ಟೋ ವಾಸಿ. ಹೊಸದಾಗಿ ಬಂದವನಿಗೂ ತಾನು ಎಲ್ಲಿ ನಿಂತಿದ್ದೇನೆ ಅಂತ ಗೊತ್ತಾಗುತ್ತದೆ.

ಆದರೆ ಸಂಖ್ಯೆ ಬಂದ ಮೇಲೆ ಲೆಕ್ಕ ತಪ್ಪುವವರೂ ಜಾಸ್ತಿ ಆದರು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಾರ್ಕ್ ನಗರದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹಾಸನದ ಹೆಣ್ಣುಮಗಳು. ಏಪ್ರಿಲ್‌ನಲ್ಲಿ ತಂಗಿಯ ಮದುವೆಗೆ 30 ದಿನ ಊರಿಗೆ ಹೋದಳು. ಅಕ್ಟೋಬರ್‌ನಲ್ಲಿ ಅಮ್ಮನಿಗೆ ಆಪರೇಷನ್, ಮತ್ತೆ 48 ದಿನ. ಒಟ್ಟು 78. ಮೇಲಿನ ಎಂಟು ದಿನಕ್ಕೆ ಕಾರಣ ತೋರಿಸಬೇಕು. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಡಾಕ್ಟರ್ ಪತ್ರ, ವಿಮಾನದ ಟಿಕೆಟ್ ಎಲ್ಲ ಇದ್ದರೆ ಕೇಳುವ ದಾರಿ ಇದೆ. ಕಾಗದ ಇಲ್ಲದಿದ್ದರೆ ಅವಳಿಗೆ ನಾನು ಕೊಡುವ ಸಲಹೆ ಒಂದೇ: ಅವಸರ ಬೇಡ. ಕೆಲವು ತಿಂಗಳು ಕಾಯಿರಿ. ಏಪ್ರಿಲ್‌ನ ಪ್ರಯಾಣ ಒಂದು ವರ್ಷದ ಕಿಟಕಿಯಿಂದ ಹೊರಗೆ ಬೀಳಲಿ, ಆಮೇಲೆ ಅರ್ಜಿ ಹಾಕಿ.

‘ವರ್ಕ್ ಫ್ರಂ ಹೋಂ ಅಲ್ವಾ, ಬೆಂಗಳೂರಿನಿಂದಲೇ ಮೂರು ತಿಂಗಳು ಕೆಲಸ ಮಾಡಿದೆ, ಸಂಬಳ ತೆರಿಗೆ ಎಲ್ಲ ಇಲ್ಲೇ’ ಅನ್ನುವವರೂ ಇದ್ದಾರೆ. ತೆರಿಗೆ ಎಲ್ಲಿ ಕಟ್ಟಿದಿರಿ ಅನ್ನುವುದು ಈ ಲೆಕ್ಕಕ್ಕೆ ಬರುವುದಿಲ್ಲ. ನೀವು ಎಲ್ಲಿದ್ದಿರಿ ಅನ್ನುವುದು ಬರುತ್ತದೆ.

ಇನ್ನೊಂದು ಕಡೆ ದಿನ ಸೋರುವುದು ಐಆರ್‌ಪಿ ಕಾರ್ಡಿನಲ್ಲಿ, ಅಂದರೆ ವಿದೇಶಿಯರಿಗೆ ಇಲ್ಲಿರಲು ಇರುವ ಅನುಮತಿಯ ಕಾರ್ಡಿನಲ್ಲಿ. ಹಳೆಯದು ಮುಗಿದು ಹೊಸದು ಬರುವ ನಡುವೆ ಅನುಮತಿಯಲ್ಲಿ ಬಿರುಕು ಬಿದ್ದಿದ್ದರೆ ಆ ದಿನಗಳು ಲೆಕ್ಕಕ್ಕಿಲ್ಲ. ವಿದ್ಯಾರ್ಥಿಯಾಗಿ ಸ್ಟ್ಯಾಂಪ್ 2 ಎಂಬ ಅನುಮತಿಯಲ್ಲಿ ಕಳೆದ ವರ್ಷಗಳೂ ಇಲ್ಲ. ಎಂ.ಎಸ್. ಮಾಡಲು ಬಂದು ಏಳು ವರ್ಷ ಆಯಿತು ಅನ್ನುವವರ ಕಾರ್ಡುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದರೆ ಎಷ್ಟೋ ಸಲ ಬೇಕಾದ ಐದು ವರ್ಷ ತುಂಬಿರುವುದಿಲ್ಲ.

ಈಗ ನಡತೆಯ ವಿಷಯ. ಕಾಯ್ದೆ ಇದಕ್ಕೆ ವ್ಯಾಖ್ಯೆ ಕೊಟ್ಟಿಲ್ಲ. 2020ರಲ್ಲಿ ಕೋರ್ಟ್ ಆಫ್ ಅಪೀಲ್ ಮುಂದೆ ಬಂದ ಒಂದು ಕೇಸಿನಲ್ಲಿ ವಾಹನ ಓಡಿಸುವಾಗಿನ ತಪ್ಪುಗಳ ಕಾರಣಕ್ಕೆ ಒಬ್ಬರಿಗೆ ಪೌರತ್ವ ನಿರಾಕರಿಸಲಾಗಿತ್ತು. ಕೋರ್ಟು ಆ ನಿರ್ಧಾರವನ್ನು ರದ್ದು ಮಾಡಿತು. ತಪ್ಪಿನ ಪಟ್ಟಿ ಮಾತ್ರ ನೋಡಿದರೆ ಸಾಲದು. ಅದು ಎಷ್ಟು ಗಂಭೀರ, ಎಷ್ಟು ಹಳೆಯದು, ಅವರು ಕೊಟ್ಟ ವಿವರಣೆ ಏನು, ಇಲ್ಲಿ ಹೇಗೆ ಬದುಕಿದ್ದಾರೆ, ಎಲ್ಲವನ್ನೂ ತೂಗಿ ನೋಡಬೇಕು ಎಂದಿತು. ನಮ್ಮವರಲ್ಲಿ ಹಲವರು ಸಣ್ಣ ದಂಡವನ್ನು ಫಾರಂನಲ್ಲಿ ಬರೆಯದೆ ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಪೀಡಿಂಗ್ ದಂಡ ಇದ್ದರೆ ಬರೆಯಿರಿ. ವಿವರಿಸಿ ಹೇಳಿದ ತಪ್ಪನ್ನು ಕ್ಷಮಿಸಲು ದಾರಿ ಇದೆ. ಮುಚ್ಚಿಟ್ಟದ್ದು ಗಾರ್ಡಾ ಪೊಲೀಸರ ವರದಿಯಲ್ಲಿ ಕಂಡರೆ ಆಗ ಪ್ರಶ್ನೆ ಎದ್ದೇಳುವುದು ನಿಮ್ಮ ಪ್ರಾಮಾಣಿಕತೆಯ ಮೇಲೆ.

‘ಮಗು ಇಲ್ಲೇ ಹುಟ್ಟಿತಲ್ಲ, ಅದಕ್ಕೆ ಪೌರತ್ವ ಇದ್ದೇ ಇರುತ್ತೆ ಅಲ್ವಾ?’ ಇದು ತಾಯಂದಿರು ಕೇಳುವ ಮೊದಲ ಪ್ರಶ್ನೆ. 2005ಕ್ಕೆ ಮೊದಲು ಆಗಿದ್ದರೆ ಬಹುಮಟ್ಟಿಗೆ ಹೌದು. ಈ ದ್ವೀಪದಲ್ಲಿ ಹುಟ್ಟಿದರೆ ಸಾಕಿತ್ತು. ಉತ್ತರ ಐರ್ಲೆಂಡ್‌ನ ಶಾಂತಿಗಾಗಿ ಆದ 1998ರ ಗುಡ್ ಫ್ರೈಡೇ ಒಪ್ಪಂದದ ನಂತರ ಸಂವಿಧಾನದ 2ನೇ ವಿಧಿಗೇ ಅದು ಸೇರಿಕೊಂಡಿತ್ತು. ಆಮೇಲೆ ವಲಸೆ ಹೆಚ್ಚಿತು, ವಾದ ಜೋರಾಯಿತು. 2003ರಲ್ಲಿ ಸುಪ್ರೀಂ ಕೋರ್ಟ್, ಮಗು ಐರಿಷ್ ಪ್ರಜೆ ಎಂಬ ಒಂದೇ ಕಾರಣಕ್ಕೆ ಅದರ ವಿದೇಶಿ ತಂದೆತಾಯಿಗೆ ಇಲ್ಲಿ ಉಳಿಯುವ ಹಕ್ಕು ತಾನಾಗಿ ಬರುವುದಿಲ್ಲ ಎಂದಿತು. ಮರುವರ್ಷ ಜೂನ್ 11ರಂದು ಜನಮತ ನಡೆಯಿತು. ಇಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವುದನ್ನು ನಿಲ್ಲಿಸುವ ಸಂವಿಧಾನ ತಿದ್ದುಪಡಿಗೆ ಮತ ಹಾಕಿದವರಲ್ಲಿ ಸುಮಾರು 79 ಶೇಕಡಾ ಜನ ಹೌದು ಅಂದರು. 2005ರ ಜನವರಿ 1ರಿಂದ ನಿಯಮ ಬದಲಾಯಿತು. ಈಗ ನಮ್ಮಂಥ ವಿದೇಶಿ ಪೋಷಕರಲ್ಲಿ ಒಬ್ಬರಾದರೂ ಮಗು ಹುಟ್ಟುವ ಮುಂಚಿನ ನಾಲ್ಕು ವರ್ಷಗಳಲ್ಲಿ ಮೂರು ವರ್ಷ ಲೆಕ್ಕಕ್ಕೆ ಬರುವ ಅನುಮತಿಯಲ್ಲಿ ಇಲ್ಲಿ ವಾಸವಿರಬೇಕು. ಓದಲು ಬಂದ ಕಾಲ ಇಲ್ಲೂ ಲೆಕ್ಕಕ್ಕಿಲ್ಲ.

ಆ ಜನಮತದ ಫಲಿತಾಂಶ ನನಗೆ ಈಗಲೂ ಒಪ್ಪಿಗೆಯಿಲ್ಲ. ಇಲ್ಲೇ ಹುಟ್ಟಿ, ಇಲ್ಲಿನ ಶಾಲೆಯಲ್ಲಿ ಐರಿಷ್ ಭಾಷೆ ಕಲಿತು, ಹರ್ಲಿಂಗ್ ಆಡುವ ಮಗುವಿಗೆ ನೀನು ಹೊರಗಿನವಳು ಎನ್ನುವ ಕಾನೂನು ಸರಿಯಲ್ಲ. 2023ರ ತಿದ್ದುಪಡಿ ಇದರ ಗಾಯವನ್ನು ಸ್ವಲ್ಪ ಒರೆಸಿದೆ. ಇಲ್ಲಿ ಹುಟ್ಟಿಯೂ ಪೌರತ್ವ ಸಿಗದ ಮಗು ಐದರ ಬದಲು ಮೂರು ವರ್ಷದ ವಾಸದ ಮೇಲೆ ಅರ್ಜಿ ಹಾಕಬಹುದು. ಹಾಕುವವರು ಪೋಷಕರು. ಎಷ್ಟೋ ಮನೆಗಳಲ್ಲಿ ಇದು ಗೊತ್ತೇ ಇಲ್ಲ.

ಮಗುವಿನ ಪರವಾಗಿ ಬಂದ ಒಂದು ದೊಡ್ಡ ತೀರ್ಪು 2022ರದ್ದು. ತಂದೆ ನಿರಾಶ್ರಿತರೆಂದು ಮಾನ್ಯತೆ ಪಡೆದಿದ್ದರು. ಆ ಅವಧಿಯ ವಾಸದ ಆಧಾರದ ಮೇಲೆ ಮಗು ಹುಟ್ಟಿನಿಂದಲೇ ಐರಿಷ್ ಪ್ರಜೆ. ಮುಂದೆ ತಂದೆ ತಪ್ಪು ಮಾಹಿತಿ ಕೊಟ್ಟಿದ್ದರು ಎಂದು ಅವರ ಸ್ಥಾನ ರದ್ದಾಯಿತು. ಹಾಗಾದರೆ ಆ ವಾಸವೂ ಇಲ್ಲ, ಮಗುವಿನ ಪೌರತ್ವವೂ ಇಲ್ಲ ಎಂದಿತು ಸರ್ಕಾರ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ರದ್ದಾಗುವವರೆಗೆ ತಂದೆಗೆ ಇಲ್ಲಿರಲು ಅನುಮತಿ ಇದ್ದದ್ದು ನಿಜ, ಆ ದಿನಗಳನ್ನು ಹಿಂದಕ್ಕೆ ಹೋಗಿ ಅಳಿಸಲಾಗದು ಎಂಬ ದಾರಿಯಲ್ಲಿ ಮಗುವಿನ ಹಕ್ಕನ್ನು ಎತ್ತಿಹಿಡಿಯಿತು.

ಪೌರತ್ವ ಬಂದ ಮೇಲೆ ವಾಪಸ್ ಪಡೆಯಬಹುದೇ? ಹುಟ್ಟಿನಿಂದ ಬಂದದ್ದನ್ನು ಸಚಿವರು ಕಿತ್ತುಕೊಳ್ಳಲಾಗದು. ನ್ಯಾಚುರಲೈಸೇಶನ್‌ನಿಂದ ಬಂದದ್ದನ್ನು 19ನೇ ಸೆಕ್ಷನ್ ಅಡಿ ಪಡೆಯಬಹುದು. ಈ ಸೆಕ್ಷನ್ ಸುಪ್ರೀಂ ಕೋರ್ಟ್ ಮುಂದೆ ಬಂದದ್ದು ಅಲ್ಜೀರಿಯಾ ಮೂಲದ ದಮಾಶ್ ಎಂಬುವರ ಕೇಸಿನಲ್ಲಿ. ಅವರು ಅಮೆರಿಕದಲ್ಲಿ ಭಯೋತ್ಪಾದನೆಗೆ ನೆರವಾದ ಅಪರಾಧ ಒಪ್ಪಿಕೊಂಡವರು. ಅಂಥವರ ಪರ ಅನುಕಂಪ ಹುಟ್ಟುವುದು ಕಷ್ಟ. ಆದರೂ 2020ರ ಅಕ್ಟೋಬರ್‌ನಲ್ಲಿ ಕೋರ್ಟು ಹೇಳಿದ್ದು ಎಲ್ಲ ಹೊಸ ಪ್ರಜೆಗಳಿಗೂ ಕಾವಲಾಯಿತು. ರದ್ದು ಮಾಡಬೇಕು ಎಂದು ಹೊರಡುವವರೂ ಸಚಿವರೇ, ಕೊನೆಯ ಮಾತು ಹೇಳುವವರೂ ಸಚಿವರೇ ಆದರೆ ಅದು ನ್ಯಾಯವಲ್ಲ. ಪೌರತ್ವದಷ್ಟು ದೊಡ್ಡದನ್ನು ಕಿತ್ತುಕೊಳ್ಳುವಾಗ ಸ್ವತಂತ್ರವಾದ, ಪಕ್ಷಪಾತವಿಲ್ಲದ ತೀರ್ಮಾನ ಬೇಕು. ಆ ಭಾಗ ಸಂವಿಧಾನಕ್ಕೆ ವಿರುದ್ಧವೆಂದು ಬಿದ್ದುಹೋಯಿತು. 2024ರಲ್ಲಿ ಸಂಸತ್ತು ಸಮಿತಿಯ ವಿಚಾರಣೆ ಇರುವ ಹೊಸ ವ್ಯವಸ್ಥೆ ತಂದಿತು.

ಅದೇ 19ನೇ ಸೆಕ್ಷನ್‌ನಲ್ಲಿ ನಮ್ಮವರು ಗಮನಿಸದೆ ಬಿಡುವ ಒಂದು ಕಾರಣವಿದೆ. ನ್ಯಾಚುರಲೈಸ್ ಆದವರು ಏಳು ವರ್ಷ ಸತತವಾಗಿ ದೇಶದ ಹೊರಗೆ ನೆಲೆಸಿದ್ದು, ಪೌರತ್ವ ಉಳಿಸಿಕೊಳ್ಳುವ ಉದ್ದೇಶವನ್ನು ಪ್ರತಿ ವರ್ಷ ದಾಖಲಿಸದಿದ್ದರೆ ಅದೂ ರದ್ದತಿಗೆ ಕಾರಣವಾಗಬಹುದು. ದಾಖಲಿಸಲು ಫಾರಂ 5 ಅಂತ ಒಂದಿದೆ. ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಮೈಸೂರಿಗೋ ಹುಬ್ಬಳ್ಳಿಗೋ ವಾಪಸ್ ಹೋಗುವವರು ಇದನ್ನು ವರ್ಷಕ್ಕೊಮ್ಮೆ ತುಂಬಿ ಕಳಿಸಿ, ಪ್ರತಿ ಇಟ್ಟುಕೊಳ್ಳಿ.

ಊರಿನ ಕಡೆಯದೂ ಒಂದಿಷ್ಟು ಇದೆ. ಐರ್ಲೆಂಡ್ ಎರಡು ಪೌರತ್ವ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ನೀವಾಗಿ ಬೇರೆ ದೇಶದ ಪೌರತ್ವ ಪಡೆದ ದಿನವೇ ಭಾರತದ ಪೌರತ್ವ ಹೋಗುತ್ತದೆ. ಸಮಾರಂಭ ಮುಗಿದ ಮೇಲೆ ಭಾರತದ ಪಾಸ್‌ಪೋರ್ಟ್‌ನಲ್ಲಿ ಪ್ರಯಾಣ ಮಾಡಬೇಡಿ. ಅದನ್ನು ಒಪ್ಪಿಸಿ ಓಸಿಐ (ಸಾಗರೋತ್ತರ ಭಾರತೀಯ ಪ್ರಜೆ) ಕಾರ್ಡ್ ಮಾಡಿಸಿ. ಓಸಿಐ ಇದ್ದರೂ ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಅಪ್ಪನಿಂದ ಬಂದ ಹೊಲ ಉಳಿಸಿಕೊಳ್ಳಬಹುದು. ಅದರ ಪಕ್ಕದ ಎರಡೆಕರೆ ಕೊಳ್ಳುವ ಆಸೆ ಇದ್ದವರು ಅರ್ಜಿ ಹಾಕುವ ಮೊದಲೇ ಊರಿನ ವಕೀಲರ ಹತ್ತಿರ ಒಮ್ಮೆ ಮಾತಾಡಿ.